ಜಾಕ್ ದಿ ರಿಪ್ಪರ್ ಪೊಲೀಸರ ಕೈಗೆ ಯಾಕೆ ಸಿಗಲಿಲ್ಲ?

ಪ್ರಶ್ನೆ: ಸ್ಕಾಟ್ಲೆಂಡ್ ಯಾರ್ಡ್ ಅಂದರೆ ಜಗತ್ತಿಗೇ ದೊಡ್ಡ ಹೆಸರು. 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಅನ್ನುವ ಒಂದೇ ಬಡಾವಣೆಯ ಸುತ್ತಮುತ್ತ ಹತ್ತು ವಾರದಲ್ಲಿ ಐದು ಹೆಂಗಸರನ್ನು ಕೊಂದವನು ಕೊನೆಗೂ ಸಿಗಲಿಲ್ಲ. ಪೊಲೀಸರು ಅಷ್ಟು ದಡ್ಡರಾ? ಇಲ್ಲ, ಯಾರೋ ದೊಡ್ಡ ಮನುಷ್ಯನನ್ನು ಬಚ್ಚಿಟ್ಟರಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಎರಡೂ ಅಲ್ಲ. ಬಚ್ಚಿಟ್ಟ ಕತೆಯನ್ನು ಮೊದಲು ಮುಗಿಸಿಬಿಡೋಣ. ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರನೇ ಕೊಲೆಗಾರ ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಸೆಪ್ಟೆಂಬರ್ 30ರ ಬೆಳಗಿನ ಜಾವ ಒಂದರ ಹಿಂದೆ ಒಂದು ಎರಡು ಕೊಲೆಯಾದಾಗ ಆತ ಸ್ಕಾಟ್ಲೆಂಡಿನಲ್ಲಿದ್ದ. ಅಲ್ಲಿಗೆ ಆಯಿತು.

ಆಗಿನ ಪೊಲೀಸರು ಕೊಲೆಗಾರನನ್ನು ಹಿಡಿಯುತ್ತಿದ್ದದ್ದಾದರೂ ಹೇಗೆ? ಕೊಲ್ಲುವಾಗಲೇ ಸಿಕ್ಕಿಬೀಳಬೇಕು, ಇಲ್ಲ ಕಣ್ಣಾರೆ ಕಂಡವರು ಬಂದು ಹೇಳಬೇಕು, ಅದೂ ಇಲ್ಲ ಅಂದರೆ ಸತ್ತವರ ಗಂಡ ಯಾರು, ಸಾಲ ಕೊಟ್ಟವನು ಯಾರು, ಆಸ್ತಿ ಯಾರಿಗೆ ಬರುತ್ತದೆ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗಬೇಕು. ಸಾಮಾನ್ಯ ಕೊಲೆಗೆ ಇಷ್ಟು ಸಾಕಾಗುತ್ತಿತ್ತು, ಯಾಕೆಂದರೆ ಕೊಂದವನು ಬಹಳ ಸಲ ಗುರುತಿನವನೇ. ಆದರೆ ಗುರುತೂ ಇಲ್ಲ, ದುಡ್ಡಿನ ಆಸೆಯೂ ಇಲ್ಲ, ಬೀದಿಯಲ್ಲಿ ಸಿಕ್ಕವಳನ್ನು ಕೊಂದು ಕತ್ತಲಲ್ಲಿ ನಡೆದುಹೋದರೆ? ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 30ರ ಎರಡನೇ ಕೊಲೆ, ಮೈಟರ್ ಸ್ಕ್ವೇರ್ ಅನ್ನುವ ಚೌಕದಲ್ಲಿ ಆದದ್ದನ್ನೇ ನೋಡಿ. ಕಾನ್‌ಸ್ಟೇಬಲ್ ವಾಟ್ಕಿನ್ಸ್‌ನ ಗಸ್ತು ಒಂದು ಸುತ್ತು ಮುಗಿಯಲು ಸುಮಾರು ಹದಿನಾಲ್ಕು ನಿಮಿಷ. 1.30ಕ್ಕೆ ಚೌಕದೊಳಗೆ ಲಾಂದ್ರ ಆಡಿಸಿ ನೋಡಿದ, ಏನೂ ಇರಲಿಲ್ಲ. 1.44ಕ್ಕೆ ಮತ್ತೆ ಬಂದರೆ ಕ್ಯಾಥರೀನ್ ಎಡ್ಡೋಸ್‌ಳ ಹೆಣ. ಆ ಚೌಕದಲ್ಲೇ ಒಂದು ಗೋದಾಮಿಗೆ ರಾತ್ರಿ ಕಾವಲುಗಾರನಿದ್ದ, ಅವನೂ ಮಾಜಿ ಪೊಲೀಸ್. ಇನ್ನೊಬ್ಬ ಕಾನ್‌ಸ್ಟೇಬಲ್‌ನ ಮನೆ ಅದೇ ಚೌಕದಲ್ಲಿತ್ತು, ಆತ ಒಳಗೆ ಮಲಗಿದ್ದ. ಇಬ್ಬರಿಗೂ ಒಂದು ಸದ್ದೂ ಕೇಳಿಸಲಿಲ್ಲ! ಪೊಲೀಸರು ಕಮ್ಮಿ ಇದ್ದರು ಅನ್ನುವವರು ಇದನ್ನೊಮ್ಮೆ ಯೋಚಿಸಬೇಕು. ನನ್ನನ್ನು ಕೇಳಿದರೆ ಗಸ್ತೇ ಅವನಿಗೆ ಅನುಕೂಲ ಮಾಡಿಕೊಟ್ಟಿತು. ಒಂದೇ ದಾರಿ, ಒಂದೇ ವೇಗ, ಬೂಟಿನ ಸದ್ದು ದೂರದಿಂದಲೇ ಕೇಳುತ್ತದೆ, ಹೋದವನು ಮತ್ತೆ ಎಷ್ಟು ಹೊತ್ತಿಗೆ ಬರುತ್ತಾನೆ ಅಂತ ಲೆಕ್ಕ ಹಾಕುವುದು ಯಾರಿಗಾದರೂ ಸಾಧ್ಯ.

ಕಂಡವರು ಇರಲಿಲ್ಲವೇ? ಇದ್ದರು. 1.35ರ ಹೊತ್ತಿಗೆ ಕ್ಲಬ್ಬಿನಿಂದ ಮನೆಗೆ ಹೊರಟ ಮೂವರು ಚೌಕಕ್ಕೆ ಹೋಗುವ ಓಣಿಯ ಬಾಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಮಾತಾಡುತ್ತಾ ನಿಂತದ್ದನ್ನು ನೋಡಿದರು. ಅವರಲ್ಲಿ ಸ್ವಲ್ಪ ಗಮನವಿಟ್ಟು ನೋಡಿದವನು ಲಾವೆಂಡ್. ಮತ್ತೆ ನೋಡಿದರೆ ಗುರುತು ಹಿಡಿಯಲಾರೆ ಅಂತ ಅವನೇ ಹೇಳಿಬಿಟ್ಟ. ಅರೆಗತ್ತಲಲ್ಲಿ ದಾರಿಹೋಕನ ಮುಖವನ್ನು ಯಾರು ತಾನೇ ನೆನಪಿಡುತ್ತಾರೆ?

ಇನ್ನು ವೈಟ್‌ಚಾಪೆಲ್ ಎಂಥ ಜಾಗ ಅಂದರೆ, ಅಲ್ಲಿ 233 ಬಾಡಿಗೆ ಛತ್ರಗಳು, ರಾತ್ರಿ ಸುಮಾರು 8,500 ಜನ ಮಲಗುತ್ತಿದ್ದರು. ನಾಲ್ಕು ಪೆನ್ನಿ ಕೊಟ್ಟರೆ ಒಂದು ಹಾಸಿಗೆ. ಹೆಸರು, ಊರು ವಿಚಾರಿಸುವವರು ಯಾರೂ ಇಲ್ಲ. ಮೊದಲ ಕೊಲೆಯಾದ ಬಕ್ಸ್ ರೋ ಪಕ್ಕದ ಬೀದಿಯಲ್ಲೇ ರಾತ್ರಿಯಿಡೀ ಕುದುರೆ ಕಡಿಯುವ ಕಸಾಯಿಖಾನೆ. ಬಟ್ಟೆಯಲ್ಲಿ ರಕ್ತ ಇರುವವನು ಎದುರಿಗೆ ಬಂದರೂ ಜನ ತಿರುಗಿ ನೋಡುತ್ತಿರಲಿಲ್ಲ.

ಹಾಗಂತ ಪೊಲೀಸರು ಕೈಕಟ್ಟಿ ಕೂತಿರಲಿಲ್ಲ. 80,000 ಕರಪತ್ರ ಹಂಚಿದರು, ಛತ್ರಗಳಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಜನರನ್ನು ವಿಚಾರಿಸಿದರು, 76 ಕಟುಕರ ಅಂಗಡಿಗೆ ಹೋಗಿಬಂದರು. ಕೆಲಸಕ್ಕೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಯಾವುದು ಸುಳಿವು, ಅದನ್ನು ಹೇಗೆ ಕಾಪಾಡಬೇಕು ಅನ್ನುವ ತಿಳಿವಳಿಕೆಗೆ. ಬಕ್ಸ್ ರೋದಲ್ಲಿ ಮೇರಿ ಆನ್ ನಿಕೋಲ್ಸ್‌ಳ ಹೆಣ ಎತ್ತಿದ ಕೂಡಲೇ ರಸ್ತೆಯ ರಕ್ತವನ್ನು ನೀರು ಹಾಕಿ ತೊಳೆದರು. ಸ್ಥಳಕ್ಕೆ ಬಂದ ಡಾಕ್ಟರ್ ಕತ್ತಿನ ಗಾಯ ನೋಡಿ ಹೋದರು, ಹೊಟ್ಟೆ ಸೀಳಿರುವುದು ಗೊತ್ತಾದದ್ದು ಹೆಣ ಶವಾಗಾರ ಸೇರಿದ ಮೇಲೆ, ಇನ್ಸ್‌ಪೆಕ್ಟರ್ ಬಟ್ಟೆ ಸರಿಸಿ ನೋಡಿದಾಗ! ಆಮೇಲೆ ಅನಾಥಾಲಯದ ಇಬ್ಬರು ಬಂದು ಬಟ್ಟೆ ಬಿಚ್ಚಿ ಮೈ ತೊಳೆದೂಬಿಟ್ಟರು. ಮುಂದಿನ ವಾರ ಆನಿ ಚಾಪ್‌ಮನ್ ಹೆಣಕ್ಕೂ ಹೀಗೇ ಆಯಿತು. ಮಹಜರು ಗಿಹಜರು ಇಲ್ಲ, ಹೆಣ ಬಿದ್ದಿದ್ದ ಜಾಗದ ಫೋಟೊ ಇಲ್ಲ.

ಸರಹದ್ದಿನ ಜಗಳ ಬೇರೆ. ಮೈಟರ್ ಸ್ಕ್ವೇರ್ ಸಿಟಿ ಪೊಲೀಸರದ್ದು, ಉಳಿದ ಜಾಗಗಳೆಲ್ಲ ಮೆಟ್ರೊಪಾಲಿಟನ್ ಪೊಲೀಸರದ್ದು, ಅಂದರೆ ಸ್ಕಾಟ್ಲೆಂಡ್ ಯಾರ್ಡಿನವರದ್ದು. ಎಡ್ಡೋಸ್‌ಳ ಏಪ್ರನ್ನಿನ ರಕ್ತದ ತುಂಡು ಸಿಕ್ಕಿದ್ದು ಮೆಟ್ರೊಪಾಲಿಟನ್ ಸರಹದ್ದಿನ ಗೋಲ್‌ಸ್ಟನ್ ಬೀದಿಯಲ್ಲಿ. ಮೇಲೆ ಗೋಡೆಯಲ್ಲಿ ಸೀಮೆಸುಣ್ಣದ ಬರಹ, ಅದರಲ್ಲಿ ಯಹೂದಿಗಳ ಹೆಸರು. ಸಿಟಿಯವರು ಫೋಟೊ ತೆಗೆಯೋಣ ಅಂದರು. ಬೆಳಕು ಹರಿದು ಜನ ಓದಿದರೆ ಯಹೂದಿಗಳ ಮೇಲೆ ಗಲಾಟೆ ಆಗುತ್ತದೆ ಅಂತ ಕಮಿಷನರ್ ಚಾರ್ಲ್ಸ್ ವಾರನ್ ಖುದ್ದಾಗಿ ಬಂದು ಅಳಿಸಲು ಹೇಳಿದರು. ಇದಕ್ಕಾಗಿ ಅವರನ್ನು ಬೈಯದವರಿಲ್ಲ. ನನಗೇನೋ ಅವರ ಭಯ ಅರ್ಥವಾಗುತ್ತದೆ, ಆಗಲೇ ಒಬ್ಬ ಯಹೂದಿ ಚಮ್ಮಾರನನ್ನು ಸಂಶಯದ ಮೇಲೆ ಹಿಡಿದು, ನಿರಪರಾಧಿ ಅಂತ ಗೊತ್ತಾಗಿ ಬಿಟ್ಟಾಗಿತ್ತು, ಊರು ಕುದಿಯುತ್ತಿತ್ತು. ಆದರೆ ಮೇಲೊಂದು ಬಟ್ಟೆ ಮುಚ್ಚಿ ಅರ್ಧ ಗಂಟೆ ಕಾಯಬಹುದಿತ್ತು ಅಲ್ವಾ?

ಕೊನೆಯ ಕೊಲೆಯದ್ದಂತೂ ಕೇಳಲೇಬೇಡಿ. ನವೆಂಬರ್ 9, ಬೆಳಿಗ್ಗೆ 10.45ಕ್ಕೆ ಬಾಡಿಗೆ ಕೇಳಲು ಬಂದವನು ಕಿಟಕಿಯಿಂದ ಮೇರಿ ಕೆಲ್ಲಿಯ ಹೆಣ ಕಂಡ. ಪೊಲೀಸರು ಬಂದರು, ಬಾಗಿಲು ತೆಗೆಯದೆ ಬ್ಲಡ್‌ಹೌಂಡ್ ನಾಯಿಗಳಿಗಾಗಿ ಕಾದರು. ಮಧ್ಯಾಹ್ನ 1.30ಕ್ಕೆ ಗೊತ್ತಾಯಿತು, ನಾಯಿಗಳು ಬರುವುದೇ ಇಲ್ಲ ಅಂತ. ಆಮೇಲೆ ಪಿಕಾಸಿಯಿಂದ ಬಾಗಿಲು ಮೀಟಿದರು. ಒಡೆದ ಕಿಟಕಿ ಗಾಜಿನ ಸಂದಿಯಿಂದ ಕೈ ಹಾಕಿದರೆ ಚಿಲಕ ಸಿಗುತ್ತಿತ್ತು, ಕೀಲಿ ಕಳೆದುಹೋದಾಗಿನಿಂದ ಕೆಲ್ಲಿಯೂ ಹಾಗೇ ತೆಗೆಯುತ್ತಿದ್ದಳು.

ಪ್ರಶ್ನೆ: ಬೆರಳಚ್ಚು ಆಗ ಇರಲಿಲ್ಲವೇ? ಅದನ್ನು ಶುರು ಮಾಡಿದ್ದು ನಮ್ಮ ದೇಶದಲ್ಲೇ ಅಂತ ಓದಿದ ನೆನಪು.
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೆನಪು ಸರಿಯಾಗಿದೆ. 1858ರಲ್ಲೇ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನುವ ಅಧಿಕಾರಿ ಗುತ್ತಿಗೆ ಪತ್ರದ ಮೇಲೆ ಸಹಿಗೆ ಬದಲು ಕೈಯಚ್ಚು ಹಾಕಿಸಿಕೊಂಡ. 1880ರಲ್ಲಿ ಹೆನ್ರಿ ಫಾಲ್ಡ್ಸ್ ಅನ್ನುವ ಡಾಕ್ಟರ್ ಬೆರಳ ಗುರುತಿನಿಂದ ಕಳ್ಳರನ್ನು ಹಿಡಿಯಬಹುದು ಅಂತ ಬರೆದ, ಸ್ಕಾಟ್ಲೆಂಡ್ ಯಾರ್ಡಿಗೂ ಹೇಳಿ ನೋಡಿದ. ಅವರು ಆಸಕ್ತಿ ತೋರಿಸಲಿಲ್ಲ. ಕಡೆಗೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಶುರುವಾಯಿತು, ಅಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರದಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಇಬ್ಬರ ಪಾಲು ದೊಡ್ಡದು, ಆದರೆ ಹೆಸರು ಬಂದದ್ದು ಸಾಹೇಬ ಎಡ್ವರ್ಡ್ ಹೆನ್ರಿಗೆ. ಲಂಡನ್ನಿಗೆ ಅದು ಹೋದದ್ದು 1901ರಲ್ಲಿ.

ರಕ್ತದ ಕತೆಯೂ ಅಷ್ಟೇ. ಒಣಗಿದ ಕಲೆ ಮನುಷ್ಯನದೋ ಕುರಿಯದೋ ಅಂತ ನೆಚ್ಚಿ ಹೇಳುವ ಪರೀಕ್ಷೆ ಬಂದದ್ದೂ 1901ರಲ್ಲೇ. ಅಲ್ಲಿಯವರೆಗೆ ಕಟುಕ ಹೇಳಿದ್ದನ್ನು ಸುಳ್ಳು ಅನ್ನಲು ದಾರಿಯೇ ಇರಲಿಲ್ಲ. ಸತ್ತವರ ಕಣ್ಣಲ್ಲಿ ಕೊಲೆಗಾರನ ಚಿತ್ರ ಉಳಿದಿರುತ್ತದೆ ಅಂತ ನಂಬಿದ್ದ ಕಾಲ ಅದು. ಚಾಪ್‌ಮನ್ ಸಾವಿನ ವಿಚಾರಣೆಯಲ್ಲಿ ಆಕೆಯ ಕಣ್ಣಿನ ಫೋಟೊ ತೆಗೆದಿರಾ ಅಂತ ಜ್ಯೂರಿಯವರೇ ಡಾಕ್ಟರನ್ನು ಕೇಳಿದ್ದರು.

ಪ್ರಶ್ನೆ: ಹಾಗಾದರೆ ಆ ಕಾಲದಲ್ಲಿ ಒಬ್ಬ ಸರಣಿ ಕೊಲೆಗಾರನೂ ಸಿಕ್ಕಿಬಿದ್ದಿಲ್ಲವೇ?
– ನಿವೃತ್ತ ಮೇಷ್ಟ್ರು, ಸಾಗರ

ಉತ್ತರ: ಸಿಕ್ಕಿದ್ದಾರೆ ಮೇಷ್ಟ್ರೇ, ಹೆಚ್ಚಾಗಿ ತಮ್ಮ ಬಾಯಿಂದಲೇ. ಮೇರಿ ಆನ್ ಕಾಟನ್ ಊರೂರು ಬದಲಿಸುತ್ತಾ ಮನೆಯವರಿಗೆ ಆರ್ಸೆನಿಕ್ ವಿಷ ಹಾಕಿ ಕೊಂದಳು, ಡಾಕ್ಟರುಗಳು ಹೊಟ್ಟೆಯ ಜ್ವರ ಅಂತ ಬರೆದುಕೊಟ್ಟರು. 1872ರಲ್ಲಿ ಮಲಮಗನ ಬಗ್ಗೆ, ಇವನ ಕಾಟ ಜಾಸ್ತಿ ದಿನ ಇರುವುದಿಲ್ಲ ಅನ್ನುವ ಅರ್ಥದಲ್ಲಿ ಊರಿನ ಅಧಿಕಾರಿಯೊಬ್ಬನ ಹತ್ತಿರ ಹೇಳಿದಳು. ಕೆಲವೇ ದಿನದಲ್ಲಿ ಹುಡುಗ ಸತ್ತ, ಆತ ಸೀದಾ ಪೊಲೀಸರ ಬಳಿ ಹೋದ. ಮರುವರ್ಷ ಅವಳಿಗೆ ಗಲ್ಲಾಯಿತು.

ಲಂಡನ್ನಿನ ಡಾಕ್ಟರ್ ಥಾಮಸ್ ನೀಲ್ ಕ್ರೀಮ್‌ನದ್ದು ಇನ್ನೂ ವಿಚಿತ್ರ. ಇವನು ಲ್ಯಾಂಬೆತ್ ಕಡೆಯ ಹುಡುಗಿಯರಿಗೆ ಸ್ಟ್ರಿಕ್ನಿನ್ ಕೊಟ್ಟು ಕೊಲ್ಲುತ್ತಿದ್ದ. 1891ರ ನವೆಂಬರಿನಲ್ಲಿ, ಮಟಿಲ್ಡಾ ಕ್ಲೋವರ್‌ಗೆ ನೀವು ಸ್ಟ್ರಿಕ್ನಿನ್ ಕೊಟ್ಟಿದ್ದೀರಿ, ದುಡ್ಡು ಕೊಡಿ ಅಂತ ಒಬ್ಬ ಹೆಸರಾಂತ ವೈದ್ಯರಿಗೆ ಸುಳ್ಳು ಹೆಸರಲ್ಲಿ ಕಾಗದ ಬರೆದ. ಕ್ಲೋವರ್ ಕುಡಿದು ಸತ್ತಳು ಅಂತ ಹೂತಾಗಿತ್ತು, ಅದು ಕೊಲೆ ಅಂತ ಕೊಂದವನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ವೈದ್ಯರು ಕಾಗದವನ್ನು ಪೊಲೀಸರಿಗೆ ಒಪ್ಪಿಸಿದರು. ಸತ್ತವಳ ಹೆಸರು, ವಿಷದ ಹೆಸರು ಎರಡೂ ಅದರಲ್ಲಿತ್ತು. ಪೊಲೀಸರು ದುಡ್ಡು ಕೇಳಿದವನಿಗೆ ಬಲೆ ಹಾಕಿದರೇ ಹೊರತು ಕ್ಲೋವರ್ ಅನ್ನುವವಳು ನಿಜಕ್ಕೂ ಹೇಗೆ ಸತ್ತಳು ಅಂತ ಕೇಳಲಿಲ್ಲ. ರಿಪ್ಪರ್ ವಿಷಯದಲ್ಲಿ ನಾನು ಅವರ ಪರ ಇಷ್ಟುದ್ದ ವಾದ ಮಾಡಿದೆ, ಇದಕ್ಕೆ ಮಾತ್ರ ಮಾಡಲಾರೆ. 1892ರ ಏಪ್ರಿಲ್‌ನಲ್ಲಿ ಒಂದೇ ರಾತ್ರಿ ಇನ್ನಿಬ್ಬರು ಹುಡುಗಿಯರು ಸತ್ತರು. ಕ್ಲೋವರ್‌ಳ ಹೆಣವನ್ನು ಹೊರತೆಗೆದದ್ದು ಮೇ ತಿಂಗಳಲ್ಲಿ.