ಸತ್ತ ಎಮ್ಮೆಯ ಹಾಲು ಅಳೆಯುವುದು ಹೇಗೆ?

(ಸಂಪಾದಕರ ಉತ್ತರ)

ಸಾಗರದ ನಿವೃತ್ತ ಅಧ್ಯಾಪಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯ ಮುಖಪುಟದಲ್ಲಿ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಚಿತ್ರ ಹಾಕಿ, ಒಳಗೆ ‘27ರ ಶಾಪ’ ಎಂಬ ಚೌಕಟ್ಟು ಕೊಟ್ಟದ್ದು ಅವರಿಗೆ ಸರಿಬಂದಿಲ್ಲ. ಅವರ ವಾದದ ಸಾರ: ಮಾತ್ರೆ ನುಂಗಿ, ಚುಚ್ಚಿಕೊಂಡು, ಕುಡಿದು ಸತ್ತವರಿಗೆ ದಂತಕಥೆಯ ಪಟ್ಟ ಕಟ್ಟುವುದೇಕೆ? ಸತ್ತ ಎಮ್ಮೆಗೆ ಹಾಲು ಜಾಸ್ತಿ ಅನ್ನುವ ಹಾಗೆ, ಬದುಕಿದ್ದರೆ ಇವರನ್ನು ಯಾರು ಕೇಳುತ್ತಿದ್ದರು? ಎಡಗೈಯವನಾದ ಅವರ ಮೊಮ್ಮಗ ಆ ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾನೆ, ತನ್ನ ಗಿಟಾರನ್ನೂ ಹೆಂಡ್ರಿಕ್ಸ್ ಹಾಗೆ ತಿರುಗಿಸಿ ನುಡಿಸುತ್ತೇನೆ ಎಂದು ಹಟ ಹಿಡಿದಿದ್ದಾನೆ.

ಮೇಷ್ಟ್ರೇ,

ಮೊದಲು ತಪ್ಪೊಪ್ಪಿಗೆ. ಆ ಚೌಕಟ್ಟು ಹಾಕಬಾರದಿತ್ತು. 1969ರ ಜುಲೈನಿಂದ 1971ರ ಜುಲೈವರೆಗಿನ ಎರಡೇ ವರ್ಷಗಳಲ್ಲಿ ಬ್ರಯಾನ್ ಜೋನ್ಸ್, ಹೆಂಡ್ರಿಕ್ಸ್, ಜಾನಿಸ್ ಜೋಪ್ಲಿನ್, ಜಿಮ್ ಮಾರಿಸನ್ ಎಂಬ ನಾಲ್ವರು ರಾಕ್ ಸಂಗೀತಗಾರರೂ 27ನೇ ವಯಸ್ಸಿನಲ್ಲಿ ತೀರಿಕೊಂಡರು. 1994ರಲ್ಲಿ ನಿರ್ವಾಣ ತಂಡದ ಕರ್ಟ್ ಕೊಬೈನ್, 2011ರಲ್ಲಿ ಗಾಯಕಿ ಏಮಿ ವೈನ್‌ಹೌಸ್ ಸೇರಿದ ಮೇಲೆ ಪತ್ರಿಕೆಗಳಿಗೆ ‘ಶಾಪ’ ಅನ್ನಲು ಇಷ್ಟೇ ಸಾಕಾಯಿತು. ಬ್ರಿಟಿಷ್ ಮೆಡಿಕಲ್ ಜರ್ನಲ್ 2011ರ ಡಿಸೆಂಬರಿನಲ್ಲಿ ಲೆಕ್ಕ ಹಾಕಿಯೇ ತೋರಿಸಿತು. 1956ರಿಂದ 2007ರವರೆಗೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಆಲ್ಬಮ್‌ಗಳ 1,046 ಸಂಗೀತಗಾರರಲ್ಲಿ 71 ಮಂದಿ ತೀರಿಕೊಂಡಿದ್ದರು. 27ರಲ್ಲಿ ಸಾವಿನ ದರ ನೂರಕ್ಕೆ 0.57, 25ರಲ್ಲಿ 0.56, 32ರಲ್ಲಿ 0.54. ಅಂದರೆ 27 ಎಂಬ ಸಂಖ್ಯೆಯಲ್ಲಿ ಏನೂ ಇಲ್ಲ. ಆದರೆ ಅದೇ ಲೇಖನದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಚೌಕಟ್ಟಿನಲ್ಲಿ ಹಾಕುವುದಿಲ್ಲ: ಇಪ್ಪತ್ತು ಮೂವತ್ತರ ಹರೆಯದ ಈ ಹೆಸರುವಾಸಿಗಳು ಸಾಯುವ ಸಂಭವ ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಅಪಾಯವಿರುವುದು ಕಸುಬಿನ ಸುತ್ತಲಿನ ಬದುಕಿನಲ್ಲಿ, ಜಾತಕದಲ್ಲಲ್ಲ.

ಇನ್ನು ನಿಮ್ಮ ಎಮ್ಮೆ. ಗಾದೆ ನಿಜ, ಆದರೆ ಹಾಲು ಅಳೆಯುವುದಕ್ಕೆ ಒಂದು ದಾರಿ ಇದೆ. ಎಮ್ಮೆ ಬದುಕಿದ್ದಾಗ ಕರೆದದ್ದನ್ನು ಮಾತ್ರ ಪಾತ್ರೆಗೆ ಹಾಕಿ, ಆಮೇಲೆ ಯಾರ್‍ಯಾರೋ ಬೆರೆಸಿದ ನೀರನ್ನು ಬಸಿದುಬಿಡಿ. ನೀರು ಬೆರೆಸುವ ದಂಧೆ ಸಣ್ಣದಲ್ಲ. ಹೆಂಡ್ರಿಕ್ಸ್ ಬದುಕಿದ್ದಾಗ ಹೊರಬಂದದ್ದು ಮೂರು ಸ್ಟುಡಿಯೋ ಆಲ್ಬಮ್, ಒಂದು ವೇದಿಕೆಯ ಧ್ವನಿಮುದ್ರಣ. ಸತ್ತ ಮೇಲೆ ಬಂದವು ಡಜನ್‌ಗಟ್ಟಲೆ. 1975ರ ಒಂದು ಆಲ್ಬಮ್ಮಿನಲ್ಲಂತೂ ನಿರ್ಮಾಪಕ ಅಲನ್ ಡಗ್ಲಸ್ ಹೆಂಡ್ರಿಕ್ಸ್ ಜೊತೆ ನುಡಿಸಿದವರ ಡ್ರಮ್, ಬೇಸ್‌ಗಳನ್ನೇ ಟೇಪಿನಿಂದ ತೆಗೆದುಹಾಕಿ, ಆತನನ್ನು ಕಂಡೇ ಇರದ ಬಾಡಿಗೆ ವಾದಕರಿಂದ ಹೊಸದಾಗಿ ತುಂಬಿಸಿದ. ಅಂಥದ್ದನ್ನು ಕೇಳಿ ಹೆಂಡ್ರಿಕ್ಸ್ ದೊಡ್ಡವನೋ ಸಣ್ಣವನೋ ಎಂದು ತೀರ್ಮಾನಿಸುವುದು ಅನ್ಯಾಯ. 1995ರಲ್ಲಿ ಹಕ್ಕುಗಳು ತಂದೆಯ ಕೈಗೆ ಬಂದ ಮೇಲೆ ಈ ತಿದ್ದುಪಡಿಯ ಕಾಟ ತಗ್ಗಿತು. ಇದಕ್ಕೆ ಎದುರಾಗಿ ಜೋಪ್ಲಿನ್ ಕಡೆಯವರನ್ನು ನೋಡಿ. 1970ರ ಅಕ್ಟೋಬರ್ 4ರಂದು ಆಕೆ ತೀರಿಕೊಂಡಾಗ ಒಂದು ಹಾಡಿಗೆ ವಾದ್ಯ ಸಿದ್ಧವಾಗಿತ್ತು, ಅದೇ ದಿನ ಆಕೆ ಬಂದು ದನಿ ಕೊಡಬೇಕಿತ್ತು. ನಿರ್ಮಾಪಕ ಪಾಲ್ ರಾತ್‌ಚೈಲ್ಡ್ ಅದನ್ನು ದನಿಯಿಲ್ಲದೆಯೇ ಆಲ್ಬಮ್ಮಿನಲ್ಲಿ ಬಿಟ್ಟ. ಸತ್ತವರ ಕೆಲಸವನ್ನು ಹೀಗೆ ಮುಟ್ಟಬೇಕು.

ಈಗ ಹೆಂಡ್ರಿಕ್ಸ್ ಪಾತ್ರೆಗೆ ಏನು ಬಿತ್ತು? ಆತ ಲಂಡನ್ನಿಗೆ ಬಂದಿಳಿದದ್ದು 1966ರ ಸೆಪ್ಟೆಂಬರ್ 24, ಸತ್ತದ್ದು 1970ರ ಸೆಪ್ಟೆಂಬರ್ 18. ನಾಲ್ಕು ವರ್ಷಕ್ಕೆ ಆರು ದಿನ ಕಮ್ಮಿ. ಅಷ್ಟರಲ್ಲಿ ಎಲೆಕ್ಟ್ರಿಕ್ ಗಿಟಾರು ಎಂಬ ವಾದ್ಯದ ವ್ಯಾಕರಣ ಬದಲಾಯಿತು, ಮತ್ತು ಇದನ್ನು ಭಾವುಕತೆಯಿಲ್ಲದೆ, ಬಿಡಿಭಾಗ ಬಿಡಿಭಾಗವಾಗಿಯೇ ತೋರಿಸಬಹುದು.

ಆತ ತಂತಿಗಳನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತಿದ್ದ. ಅರ್ಧ ಸ್ವರ ಇಳಿದರೆ ತಂತಿಯ ಎಳೆತ ಸುಮಾರು ನೂರಕ್ಕೆ 11ರಷ್ಟು ಸಡಿಲವಾಗುತ್ತದೆ. ತಂತಿಯನ್ನು ಒತ್ತಿ ಎಳೆದು ಸ್ವರ ಮೇಲೇರಿಸುವುದು ಸಲೀಸು, ಹಾಡುವ ಗಂಟಲಿಗೂ ಆರಾಮ. ಎಡಗಡೆಯ ಹೆಬ್ಬೆರಳನ್ನು, ಅಲ್ಲ, ಎಡಗೈಯವನಾದ ಆತನ ಮಟ್ಟಿಗೆ ಬಲಗೈಯ ಹೆಬ್ಬೆರಳನ್ನು, ಗಿಟಾರಿನ ಕತ್ತಿನ ಮೇಲಿಂದ ತಂದು ದಪ್ಪ ತಂತಿಯನ್ನು ಒತ್ತುತ್ತಿದ್ದ. ಆಗ ಉಳಿದ ನಾಲ್ಕು ಬೆರಳಿಗೆ ಬಿಡುವು. ಒಬ್ಬನೇ ಮಂದ್ರವನ್ನೂ ಸ್ವರಮೇಳವನ್ನೂ ನಡುನಡುವಿನ ಕುಸುರಿಯನ್ನೂ ನುಡಿಸಿದ್ದು ಹೀಗೆ; ಕೇಳಿದವರಿಗೆ ಇಬ್ಬರು ನುಡಿಸಿದ ಹಾಗಿರುತ್ತಿತ್ತು.

ಕಾಲಡಿ ಇಟ್ಟುಕೊಳ್ಳುತ್ತಿದ್ದ, ಗಿಟಾರಿನ ದನಿಯನ್ನು ಗರಗರ ಮಾಡುವ ಫಜ್ ಫೇಸ್ ಎಂಬ ದುಂಡನೆಯ ಪೆಡಲ್ ಡಬ್ಬಿಯ ಹೊಟ್ಟೆಯಲ್ಲಿ ಇದ್ದದ್ದು ಎರಡು ಟ್ರಾನ್ಸಿಸ್ಟರ್, ಒಂದು 9 ವೋಲ್ಟ್ ಬ್ಯಾಟರಿ, ಬೆರಳೆಣಿಕೆಯ ರೆಸಿಸ್ಟರ್, ಕೆಪಾಸಿಟರ್. ಮೊದಮೊದಲಿನವು ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಬಿಸಿಯೇರಿದರೆ ಅವುಗಳಲ್ಲಿ ಸೋರುವ ಕರೆಂಟು ಹೆಚ್ಚುತ್ತದೆ, ದನಿ ಒಡೆದು ಸಾಯುತ್ತದೆ. ಒಂದು ಡಬ್ಬಿಯಂತೆ ಇನ್ನೊಂದಿಲ್ಲ, ಹಾಗಾಗಿ ರೋಜರ್ ಮೇಯರ್ ಎಂಬ ಇಂಜಿನಿಯರ್ ಹೆಂಡ್ರಿಕ್ಸ್‌ಗಾಗಿ ಡಬ್ಬಿಗಳನ್ನು ಆರಿಸಿ, ತಿದ್ದಿ ಕೊಡುತ್ತಿದ್ದ. ಈ ಪೆಡಲ್ಲಿನ ಗುಟ್ಟು ಪೆಡಲ್ಲಿನ ಗುಂಡಿಯಲ್ಲಿಲ್ಲ, ಗಿಟಾರಿನ ವಾಲ್ಯೂಮ್ ಗುಂಡಿಯಲ್ಲಿದೆ. ಅದನ್ನು 10ರಿಂದ 7ಕ್ಕೆ ಇಳಿಸಿದರೆ ಗರಗರ ದನಿ ತಿಳಿಯಾಗಿ ಗಂಟೆಯಂತೆ ಆಗುತ್ತದೆ. ಪೆಡಲ್ ತುಳಿಯದೆ, ಕಿರುಬೆರಳಿನ ಒಂದು ಹೊರಳಿನಲ್ಲಿ ಎರಡು ವಾದ್ಯ! ಇನ್ನು ಫೀಡ್‌ಬ್ಯಾಕ್. 100 ವಾಟಿನ ಮಾರ್ಷಲ್ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿ ಎದುರು ನಿಂತರೆ ಸ್ಪೀಕರಿನ ಗಾಳಿಯೇ ತಂತಿಯನ್ನು ನಡುಗಿಸುತ್ತದೆ, ಆ ನಡುಕ ಮತ್ತೆ ಸ್ಪೀಕರಿಗೆ ಹೋಗುತ್ತದೆ. ಬೇರೆಯವರಿಗೆ ಅದು ಕಿವಿಗೆ ಬೀಳುವ ಕಿರಿಕಿರಿ. ಆತ ಒಂದು ಹೆಜ್ಜೆ ಹಿಂದೆ ಸರಿದು, ಗಿಟಾರಿನ ಕೋನ ಬದಲಿಸಿ, ಯಾವ ಉಪಸ್ವರ ಎದ್ದು ನಿಲ್ಲಬೇಕೆಂದು ಆರಿಸಿಕೊಳ್ಳುತ್ತಿದ್ದ. ವುಡ್‌ಸ್ಟಾಕ್‌ನಲ್ಲಿ 1969ರ ಆಗಸ್ಟ್ 18ರ ಸೋಮವಾರ ಬೆಳಿಗ್ಗೆ, ಬಹುಪಾಲು ಜನ ಮನೆಗೆ ಹೊರಟುಹೋದ ಮೇಲೆ ನುಡಿಸಿದ ಅಮೆರಿಕದ ರಾಷ್ಟ್ರಗೀತೆಯನ್ನು ಈ ಕಿವಿಯಿಂದ ಕೇಳಿ. ಅಲ್ಲಿನ ಬಾಂಬಿನ ಸದ್ದು ಯಂತ್ರ ಕೆಟ್ಟದ್ದಲ್ಲ, ಕೈಯ ಹಿಡಿತದಲ್ಲಿರುವ ಸದ್ದು. ಅಮಲಿನಲ್ಲಿ ಇದಾಗುವುದಿಲ್ಲ. ಗಂಟೆಗಟ್ಟಲೆ ಕೂತು ಕಲಿತ ಕೈ ಅದು. ಆತನಿಗೆ ಪಟ್ಟ ಸಲ್ಲುತ್ತದೆ, 80ರವರೆಗೆ ಬದುಕಿದ್ದರೂ ಸಲ್ಲುತ್ತಿತ್ತು.

ಕೊಬೈನ್ ವಿಷಯ ಇಷ್ಟು ಸಲೀಸಲ್ಲ. ವಾದಕನಾಗಿ ಆತ ಸಾಧಾರಣ. ಹಾಡು ಕಟ್ಟುವವನಾಗಿ ಪಿಸುಮಾತಿನಿಂದ ಕಿರುಚಾಟಕ್ಕೆ ಎಲ್ಲಿ ಹಾರಬೇಕೆಂದು ಬಲ್ಲವನು. ಸಾವು ನಮ್ಮ ಕಿವಿಯನ್ನು ಹೇಗೆ ತಿರುಚುತ್ತದೆ ಎನ್ನುವುದಕ್ಕೆ ಆತನಿಗಿಂತ ಒಳ್ಳೆಯ ಉದಾಹರಣೆ ಸಿಗದು. 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಮುದ್ರಿಸಿದ ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮದ ವೇದಿಕೆಯಲ್ಲಿ ಆತ ಕೇಳಿ ಇಡಿಸಿಕೊಂಡ ಲಿಲ್ಲಿ ಹೂ, ಕಪ್ಪು ಮೇಣದಬತ್ತಿಗಳಿದ್ದವು. ಐದು ತಿಂಗಳಾಗುವ ಮೊದಲೇ ಆತ ಇರಲಿಲ್ಲ. ಅಂದಿನಿಂದ ಎಲ್ಲರಿಗೂ ಅದು ಸ್ವಂತ ಶ್ರಾದ್ಧದಂತೆ ಕಾಣುತ್ತದೆ. ಆದರೆ ಅಂದು ಆತನ ತಲೆನೋವು ಬೇರೆಯೇ ಇತ್ತು: ಬರಿಯ ಅಕೌಸ್ಟಿಕ್ (ವಿದ್ಯುತ್ತಿಲ್ಲದ) ದನಿಯ ಮೇಲೆ ನಂಬಿಕೆಯಿಲ್ಲ. ಮಾರ್ಟಿನ್ ಗಿಟಾರಿಗೆ ತಂತಿಯ ನಡುಕವನ್ನು ವಿದ್ಯುತ್ತಾಗಿಸುವ ಪಿಕಪ್ ಇತ್ತು, ಅದರ ಕೇಬಲ್ ಹೋದದ್ದು ಪೆಡಲುಗಳ ಮೂಲಕ ಒಂದು ಫೆಂಡರ್ ಆಂಪ್ಲಿಫೈಯರಿಗೆ. ಕಾರ್ಯಕ್ರಮದ ಹೆಸರೇ ‘ಪ್ಲಗ್ ಕಿತ್ತದ್ದು’ ಆದ್ದರಿಂದ ಆಂಪ್ಲಿಫೈಯರಿನ ಮುಂದೆ ಸುಳ್ಳು ಪೆಟ್ಟಿಗೆಯೊಂದನ್ನು ಇಟ್ಟು ಅದು ವೇದಿಕೆಯ ಮಾನಿಟರ್ ಸ್ಪೀಕರ್ ಅನ್ನಿಸುವಂತೆ ಮಾಡಿದರು. ಗಮನವಿಟ್ಟು ಕೇಳಿದರೆ ಕೆಲವು ಹಾಡಿನಲ್ಲಿ ಆ ವಿದ್ಯುತ್ತಿನ ಗರಗರ ಈಗಲೂ ಕೇಳುತ್ತದೆ. ಸಾಯಲು ಹೊರಟವನ ವಿದಾಯ ಎಂದು ಕೇಳಿದರೆ ಇದು ಕಿವಿಗೆ ಬೀಳುವುದೇ ಇಲ್ಲ. ಆ ಗಿಟಾರು 2020ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅದರಲ್ಲಿ ಎಷ್ಟು ಹಾಡಿನ ಬೆಲೆ, ಎಷ್ಟು ಸಾವಿನ ಬೆಲೆ ಎಂದು ಕೇಳಿದರೆ ನನ್ನ ಉತ್ತರ ನಿಮ್ಮ ಕಡೆಗೇ ವಾಲುತ್ತದೆ.

ಮಾರಿಸನ್‌ಗೆ ಪಟ್ಟ ಕೊಡಲು ನನಗೆ ಮನಸ್ಸಿಲ್ಲ. ಒಳ್ಳೆಯ ಕಂಠ, ಆದರೆ ಆತನ ‘ಡೋರ್ಸ್’ ತಂಡದ ಹಾಡುಗಳನ್ನು ಎತ್ತಿ ನಿಲ್ಲಿಸಿದ್ದು ರೇ ಮಂಜಾರೆಕ್‌ನ ಕೀಬೋರ್ಡು. ಎಡಗೈಯಲ್ಲಿ ಬೇಸ್, ಬಲಗೈಯಲ್ಲಿ ಉಳಿದದ್ದು. ಪ್ಯಾರಿಸ್ಸಿನಲ್ಲಿ ಶವಪರೀಕ್ಷೆಯೂ ಇಲ್ಲದೆ ಹೂತದ್ದರಿಂದ ಹುಟ್ಟಿದ ಕತೆಗಳೇ ಅವನ ಪಾತ್ರೆಯ ಅರ್ಧ. ಓದುಗರು ಬೈದು ಬರೆಯಬಹುದು, ಪ್ರಕಟಿಸುತ್ತೇವೆ.

ಬೇಗ ಸತ್ತರೆ ಸಾಕು, ಪಟ್ಟ ತಾನಾಗಿ ಬರುತ್ತದೆ ಎನ್ನುವ ನಿಮ್ಮ ಮಾತಿಗೆ ಇಂಗ್ಲಿಷ್ ಗಾಯಕ ನಿಕ್ ಡ್ರೇಕ್ ಅಡ್ಡ ಬರುತ್ತಾನೆ. ಮೂರು ಆಲ್ಬಮ್, ಬದುಕಿದ್ದಾಗ ಒಂದೊಂದೂ ಐದು ಸಾವಿರ ಪ್ರತಿ ಸಹ ಮಾರಲಿಲ್ಲ. ಖಿನ್ನತೆಯಿಂದ ನರಳಿ 1974ರಲ್ಲಿ 26ಕ್ಕೆ ತೀರಿಕೊಂಡ, ಪತ್ರಿಕೆಗಳು ಹೆಚ್ಚು ಗಮನಿಸಲೂ ಇಲ್ಲ. ಜನಪ್ರಿಯತೆ ಬಂದದ್ದು 25 ವರ್ಷದ ನಂತರ, ಒಂದು ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲಿ ಆತನ ಹಾಡು ಬಂದಾಗ. ಅಷ್ಟು ದಿನ ಆತನನ್ನು ಉಳಿಸಿಕೊಂಡು ಬಂದವರು ವಿಚಿತ್ರ ಶ್ರುತಿಗಳ ಗುಟ್ಟು ಹುಡುಕುತ್ತ ಕೂತ ಗಿಟಾರ್ ವಾದಕರು. ಬದುಕಿ ಉಳಿದವನ ಕತೆಯೂ ನೋಡಿ: ಫ್ಲೀಟ್‌ವುಡ್ ಮ್ಯಾಕ್ ತಂಡ ಕಟ್ಟಿದ ಪೀಟರ್ ಗ್ರೀನ್ 23ಕ್ಕೇ ತಂಡ ಬಿಟ್ಟ. ಮನೋರೋಗ, ಆಸ್ಪತ್ರೆ, ವಿದ್ಯುತ್ ಚಿಕಿತ್ಸೆ. 2020ರಲ್ಲಿ 73ಕ್ಕೆ ನಿದ್ದೆಯಲ್ಲೇ ಹೋದ. ಆತನ ಲೆಸ್ ಪಾಲ್ ಗಿಟಾರಿನ ಒಂದು ಪಿಕಪ್ಪಿನ ಅಯಸ್ಕಾಂತ ಉಲ್ಟಾ ಕೂತಿತ್ತು. ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗ ಬರುವ ಟೊಳ್ಳು, ಮೂಗಿನ ದನಿಗೆ ಇವತ್ತಿಗೂ ಜನ ತಮ್ಮ ಗಿಟಾರ್ ಬಿಚ್ಚುತ್ತಾರೆ. 27ಕ್ಕೆ ಸತ್ತಿದ್ದರೆ ನಾವೂ ಆತನನ್ನು ಮುಖಪುಟಕ್ಕೆ ಹಾಕುತ್ತಿದ್ದೆವೇನೋ. ಹಾಕಿಲ್ಲ ಅನ್ನುವುದು ನಮ್ಮ ಮೇಲಿನ ಟೀಕೆ, ಆತನ ಮೇಲಿನದಲ್ಲ.

ಚಟದ ಬಗ್ಗೆ ನಿಮ್ಮ ಸಿಟ್ಟಿಗೆ ನನ್ನ ತಕರಾರಿಲ್ಲ. ಆದರೆ ಸಾವನ್ನು ಮಂಜು ಕವಿದ ಹಾಗೆ ಬರೆಯುವುದೇ ಅದಕ್ಕೆ ಮೆರುಗು ಕೊಡುತ್ತದೆ. ಬಿಡಿಸಿ ಹೇಳಿದರೆ ಮೆರುಗು ಉಳಿಯುವುದಿಲ್ಲ. ಹೆಂಡ್ರಿಕ್ಸ್ ನುಂಗಿದ್ದು ಬೇರೆಯವರ ನಿದ್ದೆಮಾತ್ರೆ, ಒಂಬತ್ತು. ಬಾರ್ಬಿಟ್ಯುರೇಟ್ ಜಾತಿಯ ಮಾತ್ರೆ ಗಂಟಲಿನ ಕೆಮ್ಮುವ ಶಕ್ತಿಯನ್ನೇ ಕುಗ್ಗಿಸುತ್ತದೆ. ವಾಂತಿ ಶ್ವಾಸಕೋಶಕ್ಕೆ ಇಳಿಯಿತು. ಎಚ್ಚರ ತಪ್ಪಿದವರನ್ನು ಅಂಗಾತ ಬಿಡದೆ ಮಗ್ಗುಲಿಗೆ ಹೊರಳಿಸಬೇಕು ಎನ್ನುವುದು ಇದಕ್ಕೇ. ವೈನ್‌ಹೌಸ್ ಕೆಲವು ವಾರ ಕುಡಿತ ಬಿಟ್ಟಿದ್ದು ಮತ್ತೆ ಶುರುಮಾಡಿದಳು. ಸತ್ತಾಗ 100 ಮಿಲಿಲೀಟರ್ ರಕ್ತದಲ್ಲಿ 416 ಮಿಲಿಗ್ರಾಂ ಆಲ್ಕೋಹಾಲ್ ಇತ್ತು. ಇಂಗ್ಲೆಂಡಿನಲ್ಲಿ ಗಾಡಿ ಓಡಿಸುವವರಿಗೆ ಮಿತಿ 80. ಬಿಟ್ಟಿದ್ದ ದಿನಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಅಳತೆಯೇ ವಿಷವಾಗುತ್ತದೆ. ಹೆರಾಯಿನ್ ವಿಷಯದಲ್ಲೂ ಇದೇ ಲೆಕ್ಕ. ನಮ್ಮ ಭೀಮಸೇನ ಜೋಶಿಯವರೂ ಕುಡಿತಕ್ಕೆ ಸಿಕ್ಕಿ, ಅದನ್ನು ಬಿಟ್ಟು, ಹಾಡುತ್ತ 88ರವರೆಗೆ ಬಾಳಿದರು. ಬಿಟ್ಟ ಮೇಲೆ ಅವರ ಗಾನ ಬಡವಾಯಿತು ಎಂದು ಯಾರೂ ಹೇಳಿದ್ದು ಕೇಳಿಲ್ಲ.

ಕೊಬೈನ್ ಆತ್ಮಹತ್ಯೆಯ ವಿಧಾನವನ್ನು ನಾವು ಬರೆಯುವುದಿಲ್ಲ. ಕಾರಣ ಇದೆ. ಆತ ಸತ್ತಾಗ ಸಿಯಾಟಲ್‌ನಲ್ಲಿ ಹುಡುಗರು ಅನುಕರಿಸುತ್ತಾರೆಂದು ಎಲ್ಲರೂ ಹೆದರಿದ್ದರು. ಆಮೇಲೆ ಲೆಕ್ಕ ನೋಡಿದ ಮನಶ್ಶಾಸ್ತ್ರಜ್ಞರಿಗೆ ಆ ಏರಿಕೆ ಕಾಣಲಿಲ್ಲ; ಹೆಚ್ಚಿದ್ದು ಸಹಾಯವಾಣಿಗೆ ಬಂದ ಕರೆಗಳು. ಸ್ಥಳೀಯ ಪತ್ರಿಕೆಗಳು ಹಾಡನ್ನು ಹೊಗಳಿ ಕೃತ್ಯವನ್ನು ಹೊಗಳದೆ ಬರೆದದ್ದು, ಸಹಾಯವಾಣಿಯ ನಂಬರನ್ನು ಎಲ್ಲೆಡೆ ಕೊಟ್ಟದ್ದು ಕೆಲಸ ಮಾಡಿರಬೇಕು ಎಂಬುದು ಅವರ ಅಂದಾಜು. ನಮ್ಮಲ್ಲಿ ಆ ನಂಬರು ಟೆಲಿ ಮಾನಸ್‌ನ 14416, ಕನ್ನಡದಲ್ಲೂ ಮಾತಾಡಬಹುದು. ಕಳೆದ ಸಂಚಿಕೆಯ ಚೌಕಟ್ಟಿನಲ್ಲಿ ಇರಬೇಕಾಗಿದ್ದದ್ದು ಇದು.

ಮೊಮ್ಮಗನ ಗೋಡೆಯ ಪೋಸ್ಟರ್ ಇರಲಿ ಬಿಡಿ. ಗಿಟಾರಿನ ವಿಷಯಕ್ಕೆ ಬರೋಣ. ಅಕೌಸ್ಟಿಕ್ ಆಗಿದ್ದರೆ ತಿರುಗಿಸಬೇಡಿ. ಅದರ ಸ್ಯಾಡಲ್, ಅಂದರೆ ಕೆಳತುದಿಯಲ್ಲಿ ತಂತಿ ಕೂರುವ ಪಟ್ಟಿ, ಓರೆಯಾಗಿ ಅಂಟಿರುತ್ತದೆ, ಒಳಗಿನ ಮರದ ಪಟ್ಟಿಗಳೂ ಎರಡು ಬದಿ ಒಂದೇ ಥರ ಇರುವುದಿಲ್ಲ. ತಿರುಗಿಸಿದರೆ ಮೇಲಿನ ಮನೆಗಳಲ್ಲಿ ಅಪಸ್ವರ ತಪ್ಪದು. ಎಡಗೈಯವರ ಗಿಟಾರೇ ಕೊಡಿಸಿ. ಸ್ಟ್ರಾಟೋಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಆಗಿದ್ದರೆ ಆಗುತ್ತದೆ. ತಂತಿಗಳೆಲ್ಲ ತೆಗೆದು ಮೊದಲು ನಟ್, ಅಂದರೆ ಗಿಟಾರಿನ ತಲೆಯ ಬಳಿ ತಂತಿ ಕೂರುವ ಕಚ್ಚುಪಟ್ಟಿ, ಬದಲಿಸಬೇಕು, ಯಾಕೆಂದರೆ ಅದರ ಕಚ್ಚುಗಳನ್ನು ತಂತಿಯ ದಪ್ಪಕ್ಕೆ ಸರಿಯಾಗಿ ಕೊರೆದಿರುತ್ತಾರೆ. ಹಳೆಯ ನಟ್ಟಿನಲ್ಲೇ ಕಟ್ಟಿದರೆ ದಪ್ಪ ತಂತಿ ಕಚ್ಚಿನ ಮೇಲೆಯೇ ಕೂತು ಜಾರುತ್ತದೆ, ತೆಳು ತಂತಿ ಅಗಲ ಕಚ್ಚಿನಲ್ಲಿ ಗಿರಗಿರ ಅನ್ನುತ್ತದೆ. ಬೆಲ್ಟಿನ ಗುಂಡಿಯನ್ನು ಇನ್ನೊಂದು ಕೊಂಬಿಗೆ ಹಾಕಿಸಿ. ಆಮೇಲೆ ಒಂದೊಂದು ತಂತಿಯನ್ನೂ 12ನೇ ಮನೆಯಲ್ಲಿ ಬರಿದೆ ತಾಗಿಸಿದಾಗಿನ ಸ್ವರ, ಒತ್ತಿ ನುಡಿಸಿದ ಸ್ವರ ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ದರೆ ಆ ತಂತಿಯ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ತಿರುಪಿ. ಓರೆ ಪಿಕಪ್ ಈಗ ತಿರುಗುಮುರುಗಾಗಿ ದಪ್ಪ ತಂತಿಗಳು ಬಿಗಿಯಾಗಿ, ತೆಳು ತಂತಿಗಳು ಮೆತ್ತಗೆ ಕೇಳುತ್ತವೆ, ಅದು ದೋಷವಲ್ಲ. ವಾಲ್ಯೂಮ್ ಗುಂಡಿ ಮೊಣಕೈಗೆ ತಗಲುತ್ತದೆ, ಅದಕ್ಕೆ ಹುಡುಗ ಹೊಂದಿಕೊಳ್ಳಬೇಕು. ಅಂಗಡಿಯವರು ‘ತಂತಿ ಉಲ್ಟಾ ಹಾಕಿದರೆ ಆಯ್ತು ಸಾರ್’ ಅಂದರೆ ಒಪ್ಪಬೇಡಿ, ಆರನೇ ತಂತಿ ನಟ್ಟಿನ ಕಚ್ಚಿನಲ್ಲಿ ಪೂರ್ತಿ ಇಳಿದಿದೆಯೇ ಎಂದು ನೀವೇ ಬಗ್ಗಿ ನೋಡಿ.

– ಸಂಪಾದಕ