ಚೀಲದ ಮೇಲಿನ ಹೆಸರು: ಮಡಿಕೇರಿಯ ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ವಯಸ್ಸು, ಉದ್ಯೋಗ ಹಾಗೂ ಬಡಾವಣೆಯ ಗುರುತುಗಳನ್ನು ಬದಲಿಸಿದ್ದೇನೆ.

ಸುಮಿತ್ರಾ ನನ್ನಲ್ಲಿಗೆ ಮೊದಲ ಸಲ ಬಂದದ್ದು ಮಗಳ ಮೇಲಿನ ದೂರಿನೊಂದಿಗೆ. ಜುಲೈ ತಿಂಗಳ ಒಂದು ಶುಕ್ರವಾರ, ಮಡಿಕೇರಿಯ ಸಂತೆ ಮುಗಿಸಿಕೊಂಡು ಮನೆಗೆ ಹೊರಟಿದ್ದ ಅವರ ಅತ್ತೆ, ಮೊಮ್ಮಗಳು ಬೆಳಿಗ್ಗೆ ಕೊಡೆ ಮರೆತು ಹೋಗಿದ್ದಳೆಂದು ಶಾಲೆಯ ಗೇಟಿನ ಬಳಿ ನಿಂತಿದ್ದರು. ಅವರ ಕೈಯಲ್ಲಿದ್ದುದು ಗೊಬ್ಬರದ ಚೀಲವನ್ನು ಕತ್ತರಿಸಿ ಹೊಲಿದ ಕೈಚೀಲ. ಅದರ ಬಾಯಿಂದ ಕೆಸುವಿನ ಎಲೆಗಳು ಹೊರಚಾಚಿದ್ದವು, ತಳದಿಂದ ಕಣಿಲೆಯ, ಅಂದರೆ ಎಳೆ ಬಿದಿರಿನ ಮೊಳಕೆಯ, ನೀರು ತೊಟ್ಟಿಕ್ಕುತ್ತಿತ್ತು. ಗೆಳತಿಯರೊಂದಿಗೆ ಹೊರಬಂದ ಹುಡುಗಿ ಅಜ್ಜಿಯನ್ನು ನೋಡಿಯೂ ನೋಡದವಳಂತೆ ನಡೆದಳು. ಗೆಳತಿಯೊಬ್ಬಳು ಯಾರೆಂದು ಕೇಳಿದಾಗ, ಗೊತ್ತಿಲ್ಲ ಎಂದಳು. ಅಜ್ಜಿ ಕೊಡೆಯನ್ನು ಕಾವಲುಗಾರನ ಕೈಗೆ ಕೊಟ್ಟು ಮನೆಗೆ ಮರಳಿದರು, ಯಾರಿಗೂ ಏನೂ ಹೇಳಲಿಲ್ಲ. ವಿಷಯವನ್ನು ಸೋಮವಾರ ಸುಮಿತ್ರಾರಿಗೆ ಹೇಳಿದವನು ಆ ಕಾವಲುಗಾರನೇ.

"ಮೇಡಂ, ಇಷ್ಟು ಚಿಕ್ಕ ವಯಸ್ಸಿಗೇ ಇವಳಿಗೆ ಇಂಥ ದೊಡ್ಡಸ್ತಿಕೆ ಎಲ್ಲಿಂದ ಬಂತು?" ಎಂದು ಅವರು ಕೇಳಿದರು. ಹನ್ನೆರಡು ವರ್ಷದ ಮಗಳು ಎರಡನೆಯ ಭೇಟಿಯಲ್ಲಿ ಅದಕ್ಕೆ ಉತ್ತರ ಕೊಟ್ಟಳು. "ಅಜ್ಜಿ ಸಂತೆಯಿಂದ ಬಂದರೆ ಹಿಂದಿನ ಬಾಗಿಲಲ್ಲೇ ಬರಬೇಕು ಅಂತ ಅಮ್ಮನೇ ಹೇಳಿದ್ದಾರೆ." ತಾಯಿ ತಲೆ ತಗ್ಗಿಸಿದರು. ಅಂದಿನಿಂದ ನಮ್ಮ ಮಾತುಕತೆ ಮಗಳನ್ನು ಬಿಟ್ಟು ತಾಯಿಯ ಕಡೆಗೆ ಹೊರಳಿತು.

ಸುಮಿತ್ರಾ ಶನಿವಾರಸಂತೆಯ ಕಡೆಯವರು. ಊರಿನ ಹೆಸರಿನಲ್ಲಿಯೇ ಸಂತೆಯನ್ನು ಹೊತ್ತ ಸ್ಥಳದಿಂದ ಬಂದವರು ಸಂತೆಯ ಚೀಲಕ್ಕೆ ನಾಚುವುದನ್ನು ನಾನು ಎತ್ತಿ ಆಡಲಿಲ್ಲ. ಮೂರನೆಯ ಭೇಟಿಯಲ್ಲಿ ಅವರೇ ಅದನ್ನು ಹೇಳಿ ನಕ್ಕರು. ಪತಿ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಿಗರು. ಐದು ವರ್ಷಗಳ ಹಿಂದೆ ಸಾಲ ಮಾಡಿ ಬಡಾವಣೆಯೊಂದರಲ್ಲಿ ಮನೆ ಕೊಂಡಿದ್ದಾರೆ. ಅಲ್ಲಿನ ಹನ್ನೊಂದು ಮಂದಿ ಹೆಂಗಸರು ಸೇರಿ ಪ್ರತಿ ತಿಂಗಳೂ ಚೀಟಿ ನಡೆಸುತ್ತಾರೆ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ತಿಂಡಿಯಾಗುತ್ತದೆ. ಅಲ್ಲಿ ಯಾರು ಎಲ್ಲಿ ಸಾಮಾನು ತರುತ್ತಾರೆ ಎಂಬುದಕ್ಕೆ ಒಂದು ಏಣಿಯೇ ಇದೆಯೆಂದು ಸುಮಿತ್ರಾ ವಿವರಿಸಿದಾಗ, ನಾನು ಅದನ್ನು ಕಾಗದದ ಮೇಲೆ ಬರೆಯಲು ಹೇಳಿದೆ. ಎಲ್ಲಕ್ಕಿಂತ ಮೇಲೆ ಮೈಸೂರಿನ ದೊಡ್ಡ ಮಳಿಗೆ, ಅದರ ಕೆಳಗೆ ಮಿಲಿಟರಿ ಕ್ಯಾಂಟೀನು, ನಂತರ ಪಟ್ಟಣದ ಸೂಪರ್ ಮಾರ್ಕೆಟ್ಟು, ಆಮೇಲೆ ಸಹಕಾರ ಸಂಘದ ಅಂಗಡಿ, ಅದರ ಕೆಳಗೆ ಸಂತೆ. ಕೊನೆಯ ಮೆಟ್ಟಿಲಿನಲ್ಲಿ ನ್ಯಾಯಬೆಲೆ ಅಂಗಡಿಯನ್ನು ಬರೆಯುವಾಗ ಪೆನ್ನು ಕ್ಷಣಕಾಲ ನಿಂತಿತು.

ಆ ಏಣಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎರಡನೆಯ ಮೆಟ್ಟಿಲು. ಸೈನಿಕರಿಗಾಗಿ 1948ರಲ್ಲಿ ಆರಂಭವಾದ ಕ್ಯಾಂಟೀನ್ ವ್ಯವಸ್ಥೆಯಲ್ಲಿ ಸಾಬೂನು, ಎಣ್ಣೆ, ಮಿಕ್ಸಿ ಎಲ್ಲವೂ ಹೊರಗಿನ ಅಂಗಡಿಗಿಂತ ಅಗ್ಗ. ಮನೆಮನೆಗೂ ಒಬ್ಬ ಯೋಧನಿರುವಂಥ ಕೊಡಗಿನಲ್ಲಿ ಇದು ಎಲ್ಲರಿಗೂ ತಿಳಿದದ್ದೇ. ಬಡಾವಣೆಯ ಲೆಕ್ಕಾಚಾರ ದುಡ್ಡಿನದೇ ಆಗಿದ್ದರೆ, ಅಷ್ಟು ಅಗ್ಗದ ಸಾಮಾನು ಮೇಲಿನಿಂದ ಎರಡನೆಯ ಸ್ಥಾನಕ್ಕೆ ಏರುತ್ತಿರಲಿಲ್ಲ. ಅಲ್ಲಿಗೆ ಹೋಗಲು ಕಾರ್ಡ್ ಬೇಕು, ಕಾರ್ಡ್ ಎಲ್ಲರ ಬಳಿಯೂ ಇರುವುದಿಲ್ಲ. ಬೆಲೆ ಕಡಿಮೆಯಾದರೂ ಗೌರವ ಕಡಿಮೆಯಾಗದಿರುವುದಕ್ಕೆ ಅದೇ ಕಾರಣ. ಇನ್ನೊಂದು ಕಡೆ, 2002ರಲ್ಲಿ ಮುಂಬೈಯಲ್ಲಿ ಮೊದಲ ಮಳಿಗೆ ತೆರೆದ ಡಿ-ಮಾರ್ಟ್ ಹೆಸರು ಮಾಡಿರುವುದೇ ಕಡಿಮೆ ದರಕ್ಕೆ. ಬೆಂಗಳೂರಿನ ಕೆಲವು ವಲಯಗಳಲ್ಲಿ ಅಂಥ ಕಡೆ ಹೋಗುವುದನ್ನು ಹೇಳಿಕೊಳ್ಳಲು ಹಿಂಜರಿಯುವವರನ್ನು ನಾನು ಬಲ್ಲೆ. ಮಡಿಕೇರಿಯಿಂದ 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಿ ತಂದರೆ ಅಂಥದೇ ಸಾಮಾನು ಪ್ರತಿಷ್ಠೆಯಾಗುತ್ತದೆ. ಸುಮಿತ್ರಾರ ಮುಂದೆ ಇವೆರಡನ್ನೂ ಇಟ್ಟು, ಈ ಏಣಿ ಯಾವುದನ್ನು ಅಳೆಯುತ್ತಿದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಯಾರಿಗೆ ಹೋಗಲಿಕ್ಕಾಗುವುದಿಲ್ಲವೋ ಅವರನ್ನು" ಎಂದರು.

ಅವರ ಮಂಚದ ಕೆಳಗೆ ಏಳು ಬಟ್ಟೆ ಚೀಲಗಳಿದ್ದವು, ಎಲ್ಲದರ ಮೇಲೂ ಮೈಸೂರಿನ ಮಳಿಗೆಯ ಹೆಸರು. ನಮ್ಮ ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ಅಂಗಡಿಗಳು ಇಂಥ ಚೀಲಗಳನ್ನು ದುಡ್ಡಿಗೆ ಮಾರತೊಡಗಿದವು. ಪರಿಸರಕ್ಕಾಗಿ ಬಂದ ಚೀಲ ಮನೆಯ ಅಂತಸ್ತಿನ ಫಲಕವೂ ಆಯಿತು. ಸುಮಿತ್ರಾ ಆ ಚೀಲಗಳನ್ನು ಒಗೆದು ಇಸ್ತ್ರಿ ಮಾಡಿಡುತ್ತಿದ್ದರು. ಸಹಕಾರ ಸಂಘದ ಅಂಗಡಿಯಲ್ಲಿ ಕೊಂಡ ಬೇಳೆ, ರವೆ, ಸಕ್ಕರೆಯನ್ನು ಆಟೋದಲ್ಲಿಯೇ ಈ ಚೀಲಗಳಿಗೆ ತುಂಬಿಸಿ, ನಂತರ ಬಡಾವಣೆಯ ರಸ್ತೆಗೆ ಇಳಿಯುತ್ತಿದ್ದರು. ಒಮ್ಮೆ ಹಿಡಿ ಕಿತ್ತುಹೋದ ಚೀಲವನ್ನು ರಾತ್ರಿ ಹನ್ನೊಂದು ಗಂಟೆಗೆ ಕುಳಿತು, ಹೊಲಿಗೆ ಹೊರಗೆ ಕಾಣದ ಹಾಗೆ ಒಳಮಗ್ಗುಲಿನಿಂದ ಹೊಲಿದದ್ದನ್ನು ಹೇಳುವಾಗ ಅವರ ಕಣ್ಣು ತುಂಬಿತು. ನಿದ್ದೆ ಕೆಟ್ಟಿತ್ತು, ಚೀಟಿಯ ದಿನ ಹತ್ತಿರವಾದಂತೆ ಹೊಟ್ಟೆ ತೊಳಸುತ್ತಿತ್ತು, ಕ್ರೆಡಿಟ್ ಕಾರ್ಡಿನ ಬಾಕಿ 62,000 ರೂಪಾಯಿ ಮುಟ್ಟಿತ್ತು. ಪತಿಗೆ ಬಾಕಿಯ ವಿಷಯ ತಿಳಿದಿರಲಿಲ್ಲ.

ನಾಲ್ಕನೆಯ ಭೇಟಿಯಲ್ಲಿ 2018ರ ಆಗಸ್ಟ್ ಬಂತು. ಆ ವರ್ಷದ ಭೂಕುಸಿತದಲ್ಲಿ ಕುಟುಂಬದ ಹಳೆಯ ಮನೆ ಹೋಗಿತ್ತು. ಕೆಲವು ವಾರ ಪರಿಹಾರ ಕೇಂದ್ರದಲ್ಲಿದ್ದರು. ಅಕ್ಕಿ, ಬೇಳೆ, ಹೊದಿಕೆಗಾಗಿ ಸಾಲಿನಲ್ಲಿ ನಿಂತಿದ್ದಾಗ ಪರಿಚಯದವರೊಬ್ಬರು ಮೊಬೈಲಿನಲ್ಲಿ ಪಟ ತೆಗೆದದ್ದು, ತಾನು ಸೆರಗಿನಿಂದ ಮುಖ ಮುಚ್ಚಿಕೊಂಡದ್ದು ಅವರಿಗೆ ಇಂದಿಗೂ ನೆನಪಿದೆ. ಇದನ್ನು ಕೇಳಿದ ಮೇಲೆ ಎಲ್ಲವನ್ನೂ ಗುಡ್ಡ ಕುಸಿತದ ತಲೆಗೆ ಕಟ್ಟುವ ಆಸೆ ಸಲಹೆಗಾರರಿಗೆ ಬರುತ್ತದೆ, ನನಗೂ ಬಂತು. ಆದರೆ ಅದೇ ಸಾಲಿನಲ್ಲಿ ನಿಂತಿದ್ದ ಅವರ ಅತ್ತೆ ಇಂದಿಗೂ ಪ್ರತಿ ಶುಕ್ರವಾರ ಗೊಬ್ಬರದ ಚೀಲ ಹಿಡಿದು ಸಂತೆಗೆ ಹೋಗುತ್ತಾರೆ. ಸಾಲಿನ ನೆನಪು ಬೀಜವಾಗಿರಬಹುದು, ನೀರೆರೆದದ್ದು ಬಡಾವಣೆ.

ಮನುಷ್ಯರು ತಮ್ಮನ್ನು ಅಳೆದುಕೊಳ್ಳುವುದು ತಮಗೆ ಹತ್ತಿರದವರೊಂದಿಗೆ ಎಂದು ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿಯೇ ಹೇಳಿದ್ದರು. ಸುಮಿತ್ರಾರ ಮಾತಿನಲ್ಲಿ ಇದು ಸ್ಪಷ್ಟವಾಗಿತ್ತು: ನೂರಾರು ಎಕರೆ ಕಾಫಿ ತೋಟದ ಬಂಗಲೆಯವರು ಎಲ್ಲಿ ಕೊಳ್ಳುತ್ತಾರೆಂಬುದು ಅವರನ್ನು ಒಂದು ದಿನವೂ ಕಾಡಿರಲಿಲ್ಲ, ಎದುರು ಮನೆಯವರು "ಸಂತೆ ಸೊಪ್ಪಾ? ನಾವು ಅದನ್ನೆಲ್ಲ ತರುವುದಿಲ್ಲಪ್ಪ" ಎಂದ ಒಂದು ಮಾತು ಮೂರು ವರ್ಷ ಕಾಡಿತ್ತು. ಮೈಸೂರಿನಲ್ಲಿರುವ ಓರಗಿತ್ತಿ ಕಳೆದ ಸಲ ಬಂದಾಗ ಕಾಗದದ ಚೀಟಿ ಅಂಟಿಸಿದ್ದ ಎರಡು ಬೆಣ್ಣೆಹಣ್ಣನ್ನು ಉಡುಗೊರೆಯಾಗಿ ತಂದಿದ್ದರಂತೆ. ಕೊಡಗಿನ ತೋಟಗಳಲ್ಲಿ ಬೆಣ್ಣೆಹಣ್ಣು ಕಾಫಿಯ ನಡುವೆ ಬೆಳೆಯುತ್ತದೆ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಅದರ ತಳಿಗಳ ಬಗ್ಗೆ ಸಂಶೋಧನೆಯೇ ನಡೆದಿದೆ, ಹಂಗಾಮಿನಲ್ಲಿ ಸಂತೆಯಲ್ಲಿ ರಾಶಿ ಹಾಕಿರುತ್ತಾರೆ. ಅತ್ತೆ ಆ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕಿತ್ತು, ಹಣ್ಣನ್ನು ತಾನು ಸಂತೆಯಿಂದ ತಂದಿದ್ದ ಹಣ್ಣುಗಳ ಬುಟ್ಟಿಗೆ ಹಾಕಿದರು. ಯಾವುದು ಯಾವುದೆಂದು ಆಮೇಲೆ ಓರಗಿತ್ತಿಗೂ ಗುರುತು ಸಿಗಲಿಲ್ಲ. ಆ ಅತ್ತೆಯನ್ನು ನಾನು ಒಮ್ಮೆಯಾದರೂ ಭೇಟಿಯಾಗಬೇಕೆಂದುಕೊಂಡಿದ್ದೇನೆ.

ಇನ್ನೊಂದು ವಿಷಯವನ್ನು ಸುಮಿತ್ರಾ ತಾವಾಗಿ ಹೇಳಲಿಲ್ಲ, ನಾನೇ ಏಣಿಯ ಕೊನೆಯ ಮೆಟ್ಟಿಲನ್ನು ತೋರಿಸಿ ಕೇಳಬೇಕಾಯಿತು. ಮನೆಗೆಲಸಕ್ಕೆ ಬರುವ, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ವಾಸವಿರುವ ಹೆಂಗಸು ಹಬ್ಬದ ದಿನ ಕಡುಬು ತಂದುಕೊಟ್ಟಾಗ, ಅದು ಪಡಿತರದ ಅಕ್ಕಿಯದೆಂದು ಯಾರೂ ಮುಟ್ಟಿರಲಿಲ್ಲ. ಆಕೆಗೆ ಅದು ತಿಳಿದಿತ್ತೇ ಎಂದು ಕೇಳಿದೆ. "ಪಾತ್ರೆ ವಾಪಸು ಕೊಡುವಾಗ ಕಡುಬು ಹಾಗೆಯೇ ಇತ್ತು" ಎಂದು ಸುಮಿತ್ರಾ ಉತ್ತರಿಸಿದರು. ನೋಯುವವರು ನೋಯಿಸುವವರೂ ಆಗಿರುವುದು ನನ್ನ ಕೊಠಡಿಯಲ್ಲಿ ಅಪರೂಪವಲ್ಲ, ಆದರೆ ಅದನ್ನು ಹೇಳಿಸುವ ಹೊತ್ತು ತಪ್ಪಿದರೆ ಬಂದವರು ಮತ್ತೆ ಬರುವುದಿಲ್ಲ. ಮೂರನೆಯ ಭೇಟಿಯಲ್ಲಿ ಇದನ್ನು ಕೇಳಿದ್ದರೆ ನಾಲ್ಕನೆಯದು ಇರುತ್ತಿರಲಿಲ್ಲವೆಂದು ನನ್ನ ಅಂದಾಜು.

ನಾನು ಕೊಟ್ಟ ಸಲಹೆಯಲ್ಲಿ "ಜನ ಏನಂದರೆ ನಮಗೇನು" ಎಂಬ ಮಾತು ಇರಲಿಲ್ಲ. ಸಣ್ಣ ಊರಿನಲ್ಲಿ ಜನ ನೋಡುತ್ತಾರೆ, ಆಡಿಕೊಳ್ಳುತ್ತಾರೆ, ಮಗಳ ಗೆಳತಿಯರ ತಾಯಂದಿರೂ ಅವರೇ ಆಗಿರುತ್ತಾರೆ. ಇದನ್ನು ಭ್ರಮೆಯೆಂದು ತಳ್ಳಿಹಾಕಿದರೆ ಸಲಹೆಗಾರರ ಮೇಲಿನ ನಂಬಿಕೆ ಹೋಗುತ್ತದೆ. ಮೊದಲು ಲೆಕ್ಕ ಬರೆಯಲು ಹೇಳಿದೆ, ಹಾಗೂ ಪ್ರತಿ ಖರೀದಿಯ ಎದುರು ಅದನ್ನು ಕೊಳ್ಳುವಾಗ ಯಾರ ಮುಖ ಮನಸ್ಸಿಗೆ ಬಂತೆಂದು ಗುರುತು ಹಾಕಲು ಹೇಳಿದೆ. ಒಂದು ಮೈಸೂರು ಪ್ರಯಾಣಕ್ಕೆ ಹೋಗಿಬರುವ 240 ಕಿಲೋಮೀಟರಿಗೆ ಅವರ ಕಾರು ಸುಮಾರು 16 ಲೀಟರ್ ಪೆಟ್ರೋಲ್ ಕುಡಿಯುತ್ತಿತ್ತು, ಅಂದರೆ 1,600 ರೂಪಾಯಿಗೂ ಹೆಚ್ಚು. ಸಾಮಾನಿನಲ್ಲಿ ಉಳಿದದ್ದು 640. "ಸೊಸೈಟಿ ಸಾಮಾನಿನಲ್ಲಿ ಕಲಬೆರಕೆ" ಎಂಬುದು ಅವರ ಇನ್ನೊಂದು ವಾದವಾಗಿತ್ತು. ಒಂದೇ ಕಂಪನಿಯ ತೊಗರಿಬೇಳೆಯ ಎರಡು ಪೊಟ್ಟಣಗಳನ್ನು ಎರಡೂ ಕಡೆಯಿಂದ ತಂದು ಪಕ್ಕಪಕ್ಕದಲ್ಲಿಟ್ಟು ನೋಡಲು ಹೇಳಿದೆ: ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ, ತೂಕದ ಲೆಕ್ಕದಲ್ಲಿ ಮುದ್ರಿಸಿದ ದರ, ಎಲ್ಲವೂ ಒಂದೇ ಆಗಿದ್ದವು. ಬಿಡಿಯಾಗಿ ಮಾರುವ ಪದಾರ್ಥಕ್ಕೆ ಇಂಥ ಮುದ್ರೆ ಇರುವುದಿಲ್ಲ, ಅಲ್ಲಿ ಅವರ ಅನುಮಾನವನ್ನು ನಾನು ಅಲ್ಲಗಳೆಯಲಿಲ್ಲ. ದೊಡ್ಡ ಮಳಿಗೆಯಲ್ಲಿ ಮಳೆಗೆ ನೆನೆಯದೆ, ಯಾರ ಅವಸರವೂ ಇಲ್ಲದೆ ಆರಿಸಿಕೊಳ್ಳುವ ಸುಖವೂ ನಿಜವೇ. ಅದನ್ನು ಬಯಸುವುದು ದೊಡ್ಡಸ್ತಿಕೆಯಲ್ಲವೆಂದು ಬಿಡಿಸಿ ಹೇಳಿದೆ.

ಬಾಕಿಯ ವಿಷಯವನ್ನು ಪತಿಗೆ ತಿಳಿಸುವ ಮಾತನ್ನು ಮೊದಲು ನನ್ನೆದುರಿಗೆ ಎರಡು ಸಲ ಆಡಿ ನೋಡಿ, ಆಮೇಲೆ ಮನೆಯಲ್ಲಿ ಹೇಳಿದರು. ಪತಿ ಸಿಟ್ಟಾದರು, ಒಂದು ದಿನ ಮಾತು ಬಿಟ್ಟರು, ನಂತರ ಕಂತು ಕಟ್ಟುವ ಲೆಕ್ಕ ಹಾಕಿಕೊಟ್ಟರು.

ಸಂಕೋಚದ ಕೆಲಸ ನಿಧಾನವಾಗಿ ನಡೆಯಿತು. ಮನೋವೈದ್ಯ ಜೋಸೆಫ್ ವೋಲ್ಪ್ ರೂಪಿಸಿದ 0ಯಿಂದ 100ರವರೆಗಿನ ಸಂಕಟದ ಅಳತೆಯನ್ನು ನಾವು ಬಳಸಿದೆವು. ಹೆಸರಿಲ್ಲದ ಬಟ್ಟೆ ಚೀಲದಲ್ಲಿ ಸಾಮಾನು ತರುವುದಕ್ಕೆ ಅವರು ಕೊಟ್ಟದ್ದು 40, ನೆರೆಯವರು ಓಡಾಡುವ ಹೊತ್ತಿಗೆ ಅತ್ತೆಯ ಜೊತೆ ಸಂತೆಗೆ ಹೋಗುವುದಕ್ಕೆ 70, ಚೀಟಿಯ ದಿನ ಸಂತೆಯ ಕಣಿಲೆಯ ಪಲ್ಯ ಬಡಿಸುವುದಕ್ಕೆ 85. ಕಡಿಮೆಯದರಿಂದ ಆರಂಭಿಸಿ, ಅಂಕಿ ಅರ್ಧಕ್ಕೆ ಇಳಿಯುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡಲು ಸೂಚಿಸಿದೆ. ಪಲ್ಯವನ್ನು ಬಡಿಸುವಾಗ ಎಲ್ಲಿಂದ ತಂದದ್ದೆಂದು ತಾವಾಗಿ ಹೇಳಬಾರದು, ಯಾರಾದರೂ ಕೇಳಿದರೆ ಸುಳ್ಳಾಡಬಾರದು, ಸಮರ್ಥನೆಯನ್ನೂ ಸೇರಿಸಬಾರದು ಎಂಬುದು ನಮ್ಮ ಒಪ್ಪಂದ. ಎದುರು ಮನೆಯವರು ಕೇಳಿದರು. "ಸಂತೆಯದು" ಎಂದು ಸುಮಿತ್ರಾ ಹೇಳಿದರು. ಎದುರು ಮನೆಯವರು ಇನ್ನೊಂದು ಸೌಟು ಹಾಕಿಸಿಕೊಂಡರು, ಏನನ್ನೂ ಹೇಳಲಿಲ್ಲ. ಇದನ್ನು ಗೆಲುವೆಂದು ಬರೆದುಕೊಳ್ಳಬೇಡಿ, ಇನ್ನೊಂದು ದಿನ ಅವರು ಏನಾದರೂ ಅನ್ನಬಹುದು ಎಂದು ನಾನು ಎಚ್ಚರಿಸಿದೆ. ನಿದ್ದೆ ಮೂರು ವಾರ ಕಳೆದರೂ ಸರಿಯಾಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕೆಂದೂ, ರಾತ್ರಿ ಹೊತ್ತಿನಲ್ಲಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದೆಂದೂ ತಿಳಿಸಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಮಗಳಿಂದ ಅಜ್ಜಿಗೆ ಕ್ಷಮೆ ಕೇಳಿಸಬೇಕೆಂದು ತಾಯಿ ಪಟ್ಟು ಹಿಡಿದಿದ್ದರು, ನಾನು ಬೇಡವೆಂದೆ. ಹಿಂದಿನ ಬಾಗಿಲಿನ ನಿಯಮವನ್ನು ಮಾಡಿದವರು ಅದನ್ನು ಎಲ್ಲರೆದುರು ತೆಗೆದುಹಾಕುವುದು ಮೊದಲ ಕೆಲಸ. ಒಂದು ಶುಕ್ರವಾರ ಸುಮಿತ್ರಾ ತಾವೇ ಅತ್ತೆಯ ಗೊಬ್ಬರದ ಚೀಲವನ್ನು ಹಿಡಿದು ಮುಂದಿನ ಗೇಟಿನಿಂದ ಒಳಗೆ ಬಂದರು. ಮಗಳು ಕಿಟಕಿಯಿಂದ ನೋಡುತ್ತಿದ್ದಳಂತೆ. ಆ ಮೇಲೆ ಅವಳು ಎರಡು ಸಲ ಅಜ್ಜಿಯೊಂದಿಗೆ ಸಂತೆಗೆ ಹೋಗಿದ್ದಾಳೆ. ಎರಡು ಹೆಜ್ಜೆ ಹಿಂದೆಯೇ ನಡೆಯುತ್ತಾಳೆ ಎಂದು ತಾಯಿಗೆ ಬೇಸರ. ಅಜ್ಜಿಗೆ ಅದೇನೂ ಇಲ್ಲ, ಹಿಂದೆ ಬರುವವಳ ಕೈಗೆ ಕುಂಬಳಕಾಯಿ ಕೊಡುತ್ತಾರಂತೆ.

ಮನೆಗೆಲಸದ ಹೆಂಗಸಿನ ಕಡುಬಿನ ವಿಷಯ ಇನ್ನೂ ಹಾಗೆಯೇ ಉಳಿದಿದೆ. ಏನು ಮಾಡಬೇಕೆಂದು ಸುಮಿತ್ರಾ ಎರಡು ಸಲ ಕೇಳಿದರು, ಮುಂದಿನ ಹಬ್ಬಕ್ಕೆ ಆಕೆ ಮತ್ತೆ ತಂದುಕೊಡುವಷ್ಟು ವಿಶ್ವಾಸ ಉಳಿದಿದೆಯೇ ನೋಡೋಣ ಎಂದಷ್ಟೇ ಹೇಳಿದ್ದೇನೆ. ಮಡಿಕೇರಿ ದಸರೆಗೆ ಓರಗಿತ್ತಿ ನಾಲ್ಕು ದಿನ ಉಳಿಯಲು ಬರುವವರಿದ್ದಾರೆ, ಆದ್ದರಿಂದ ಮುಂದಿನ ಭೇಟಿಯನ್ನು ಅದಕ್ಕೆ ಒಂದು ವಾರ ಮೊದಲು ಇಟ್ಟುಕೊಂಡಿದ್ದೇವೆ.