ಮಳೆಗಾಲದಲ್ಲಿ ಕಾರು ಮಿಸ್ಸಿಂಗ್ ಹೊಡೆಯುತ್ತಿದೆ, ನಾಲ್ಕೂ ಇಂಜೆಕ್ಟರ್ ಬದಲಿಸಲೇಬೇಕಾ?

ದಯವಿಟ್ಟು ಇಂಜೆಕ್ಟರಿಗೆ (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಈಗಲೇ ದುಡ್ಡು ಕಟ್ಟಬೇಡಿ. ಮಿಸ್ಸಿಂಗ್ ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ಹೋಗುವುದು. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. 2015ರ ಪೆಟ್ರೋಲ್ ಗಾಡಿ, ನಾಲ್ಕು ಸಿಲಿಂಡರ್, 82 ಸಾವಿರ ಕಿಲೋಮೀಟರ್ ಓಡಿದೆ. ಮಳೆ ಹಿಡಿದ ಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನಡುಗುತ್ತೆ, ಏರಿನಲ್ಲಿ ಮೂರನೇ ಗೇರಿಗೆ ಜರ್ಕ್ ಹೊಡೆಯುತ್ತೆ, ಚೆಕ್ ಎಂಜಿನ್ ಲೈಟ್ ಮಿಟುಕುತ್ತೆ, ಅರ್ಧ ಗಂಟೆ ಓಡಿಸಿದರೆ ತಾನಾಗಿ ಸರಿಹೋಗುತ್ತೆ. ನಾಲ್ಕೂ ಇಂಜೆಕ್ಟರ್ ಬದಲಿಸಲು ನಿಮ್ಮ ಗ್ಯಾರೇಜಿನವರು 24 ಸಾವಿರದ ಲೆಕ್ಕ ಕೊಟ್ಟಿದ್ದಾರೆ.

ಇಂಜೆಕ್ಟರ್ ಕೆಟ್ಟಿದ್ದರೆ ಬಿಸಿಲಿದ್ದರೂ ಕೆಟ್ಟಿರಬೇಕಿತ್ತು. ನಾಲ್ಕೂ ಒಂದೇ ವಾರದಲ್ಲಿ ಕೈಕೊಡುವುದಂತೂ ಅಪರೂಪ. ಒದ್ದೆಯಾದಾಗ ಬಂದು, ಎಂಜಿನ್ ಕಾದು ಒಣಗಿದ ಮೇಲೆ ಹೋಗುವ ಮಿಸ್ಸಿಂಗ್ ಹೆಚ್ಚಾಗಿ ಕರೆಂಟಿನ ಕಡೆಯದು: ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಕಾಯಿಲ್, ಕಿಡಿ ಹಾರಿಸುವ ಪ್ಲಗ್, ವೈರು, ಕನೆಕ್ಟರ್. ಮಲೆನಾಡಿನ ಸಾಗರದಲ್ಲಿ ಸಣ್ಣ ಗ್ಯಾರೇಜ್ ಇಟ್ಟುಕೊಂಡಿರುವ ನನಗೆ ಜೂನ್ ಬಂತೆಂದರೆ ಇದೇ ಕೆಲಸ.

ಎಲ್ಲಕ್ಕಿಂತ ಮೊದಲು ಆ ಲೈಟಿನ ಮಾತು. ಸುಮ್ಮನೆ ಉರಿದುಕೊಂಡಿದ್ದರೆ ನಿಧಾನಕ್ಕೆ ಗ್ಯಾರೇಜಿನವರೆಗೆ ಹೋಗಬಹುದು. ಮಿಟುಕುತ್ತಿದ್ದರೆ ಆಕ್ಸಿಲರೇಟರ್ ಬಿಟ್ಟು, ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಹಾಕಿ ನಿಲ್ಲಿಸಿ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತೆ. ಒಳಗೆ ಜೇನುಗೂಡಿನ ಹಾಗಿರುವ ಪಿಂಗಾಣಿ ಕರಗಿ ದಾರಿ ಕಟ್ಟಿಕೊಂಡರೆ ಈಗ ಕೇಳಿರುವ 24 ಸಾವಿರವೂ ಸಾಲದೇ ಹೋಗಬಹುದು. ಅರ್ಧ ಗಂಟೆ ಓಡಿಸಿದರೆ ಸರಿಹೋಗುತ್ತೆ ಅಂದಿರಲ್ಲ, ಆ ಅರ್ಧ ಗಂಟೆಯದ್ದೇ ನನಗೆ ಭಯ.

ಹೋದ ವರ್ಷ ಮಳೆಗಾಲದಲ್ಲಿ ಹಳ್ಳಿಯಿಂದ ಒಬ್ಬ ಮೇಷ್ಟ್ರು ಬಂದಿದ್ದರು. ನಿಮ್ಮದೇ ಕಂಪ್ಲೇಂಟು. "ಎರಡು ಸಲ ಹೊಸ ಕಾಯಿಲ್ ಹಾಕ್ಸಿದೀನಿ ಮಾರಾಯ, ಒಂದು ತಿಂಗಳು ಸರಿ ಇರ್ತದೆ, ಆಮೇಲೆ ಮತ್ತೆ ಶುರು" ಅಂದರು. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ, ಪಿ 0303 ಬಂತು. ಕೊನೆಯ ಅಂಕಿ ಸಿಲಿಂಡರಿನದು, ಅಂದರೆ ಮೂರನೆಯದರಲ್ಲಿ ಮಿಸ್ಸಿಂಗ್. ಆ ಕಾಯಿಲ್ ಮೇಲೆಳೆದೆ. ಅದರ ರಬ್ಬರ್ ತುದಿಯಿಂದ ನೀರು ತೊಟ್ಟಿಕ್ಕಿತು. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಕೂತ ಗುಂಡಿಯಲ್ಲಿ ಬೆರಳೆರಡರಷ್ಟು ನೀರು. ಏರ್ ಹಿಡಿದು ಗುಂಡಿ ಒಣಗಿಸಿ ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಮೇಲಿಂದ ಕೆಳಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ, ಸೀಸದಕಡ್ಡಿಯಲ್ಲಿ ಎಳೆದ ಹಾಗೆ. ರಬ್ಬರಿನ ಒಳಗೂ ಅದೇ ಗೆರೆ. ಕಿಡಿ ಪ್ಲಗ್ಗಿನ ತುದಿಯಲ್ಲಿ ಹಾರುವ ಬದಲು ಈ ಗೆರೆ ಹಿಡಿದು ಹೊರಗಿನಿಂದಲೇ ಲೋಹಕ್ಕೆ ಇಳಿದುಹೋಗುತ್ತಿತ್ತು.

ಏರಿನಲ್ಲೇ ಯಾಕೆ ಜರ್ಕ್ ಹೊಡೆಯುತ್ತೆ ಅನ್ನುವುದಕ್ಕೂ ಇದೇ ಕಾರಣ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತೆ, ಪ್ಲಗ್ಗಿನ ಗ್ಯಾಪಿನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತೆ. ಆಗ ಕರೆಂಟು ಸುಲಭದ ದಾರಿ ಹುಡುಕುತ್ತೆ.

ಆದರೆ ಅಲ್ಲಿಗೆ ನೀರು ಬಂದದ್ದೆಲ್ಲಿಂದ? "ಗಾಡಿ ಎಲ್ಲಿ ನಿಲ್ಲಿಸ್ತೀರಿ ಮೇಷ್ಟ್ರೇ?" ಅಂತ ಕೇಳಿದೆ. ಅಂಗಳದ ಹಲಸಿನ ಮರದ ಬುಡಕ್ಕೆ ಅಂದರು. ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೂರುವ ಪ್ಲಾಸ್ಟಿಕ್ ಜಾಲರಿ ಬಿಚ್ಚಿದರೆ ಒಳಗೆ ಕೊಳೆತ ಎಲೆಯ ಗೊಬ್ಬರ. ನೀರು ಹೊರಗೆ ಹೋಗುವ ತೂತು ಪೂರ್ತಿ ಮುಚ್ಚಿತ್ತು, ತುಂಬಿದ ನೀರು ಅಂಚು ದಾಟಿ ನೇರ ಕಾಯಿಲ್ ಮೇಲೆ ಬೀಳುತ್ತಿತ್ತು. ಒಂದು ಮಗ್ ನೀರು ಗಾಜಿಗೆ ಸುರಿದು ತೋರಿಸಿದೆ, ಅವರೇ ನೋಡಿದರು. ಎಲೆ ತೆಗೆದು, ತೂತು ಬಿಡಿಸಿ, ಹೊಸ ಪ್ಲಗ್, ಹೊಸ ರಬ್ಬರ್ ಹಾಕಿದೆ. ಕಾಯಿಲ್ ಅದೇ. ಮಳೆಗಾಲ ಪೂರ್ತಿ ಓಡಿತು.

ನಿಮ್ಮದೂ ಇದೇ ಅಂತ ಇಲ್ಲಿ ಕೂತು ಹೇಳುವುದು ತಪ್ಪಾಗುತ್ತೆ. ಹಾಗಾಗಿ ಪತ್ತೆ ಮಾಡುವ ದಾರಿ ಹೇಳುತ್ತೇನೆ. ಇದಕ್ಕೆ ಹೊಸ ಸಾಮಾನು ಒಂದೂ ಬೇಡ. ಡ್ಯಾಶ್‌ಬೋರ್ಡ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಹಾಕಿ, ಅಥವಾ ಯಾರ ಹತ್ತಿರವಾದರೂ ಹಾಕಿಸಿ, ಕೋಡ್ ಬರೆದಿಟ್ಟುಕೊಳ್ಳಿ. ಪಿ 0301ರಿಂದ 0304ರವರೆಗಿನದಾದರೆ ಸಿಲಿಂಡರ್ ಯಾವುದೆಂದು ಗೊತ್ತಾಯಿತು. ಹೆಚ್ಚಿನ ಗಾಡಿಗಳಲ್ಲಿ ಟೈಮಿಂಗ್ ಚೈನ್ ಇರುವ ಕಡೆಯದು ಒಂದನೆಯದು, ಆದರೂ ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಳ್ಳಿ.

ಈಗ ಎಂಜಿನ್ ಪೂರ್ತಿ ತಣ್ಣಗಿರುವಾಗ, ಕೀ ತೆಗೆದು, ಆ ಸಿಲಿಂಡರಿನ ಕಾಯಿಲ್ ಬಿಚ್ಚಿ ಬೇರೆ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತನ್ನಿ. ಕೋಡ್ ಅಳಿಸಿ ಒಂದು ಸಣ್ಣ ಸುತ್ತು ಹೋಗಿ ಬನ್ನಿ. ಮೂರನೆಯದರ ಕಾಯಿಲ್ ಎರಡಕ್ಕೆ ಹಾಕಿದ್ದೀರಿ, ಈಗ ಕೋಡ್ ಪಿ 0302 ಬಂತು ಅಂದರೆ ಕಳ್ಳ ಸಿಕ್ಕಿದ, ಕಾಯಿಲ್ಲೇ. ಮತ್ತೆ 0303 ಬಂದರೆ ಕಾಯಿಲ್ ನಿರಪರಾಧಿ, ಇನ್ನು ಪ್ಲಗ್ ಅದಲುಬದಲು ಮಾಡಿ. ಒಂದೊಂದು ಸಲಕ್ಕೆ ಒಂದೇ ಸಾಮಾನು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರದು ತಪ್ಪು ಅಂತ ಗೊತ್ತಾಗುವುದೇ ಇಲ್ಲ. ಎಂಜಿನ್ ಓಡುತ್ತಿರುವಾಗ ಮಾತ್ರ ಕಾಯಿಲ್ ಎಳೆಯಬೇಡಿ, ಅದರಲ್ಲಿ ಹುಟ್ಟುವುದು 20 ಸಾವಿರ ವೋಲ್ಟಿಗೂ ಮೀರಿದ್ದು.

ಬಿಚ್ಚಿದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ, ವಾಸನೆಯನ್ನೂ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಒಳ್ಳೆಯದು. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಇಂಜೆಕ್ಟರ್ ಪೆಟ್ರೋಲ್ ಕೊಡುತ್ತಿದೆ, ಹೆಚ್ಚಾಗಿ ಕಿಡಿ ಇಲ್ಲ. ಇದೊಂದನ್ನೇ ನಿಮ್ಮ ಗ್ಯಾರೇಜಿನವರಿಗೆ ತೋರಿಸಬಹುದು. ಬೇರೆಯವುಗಳಿಗಿಂತ ಬೆಳ್ಳಗೆ ಒಣಗಿದ್ದರೆ ಪೆಟ್ರೋಲು ಸಾಲುತ್ತಿಲ್ಲ, ಆಗ ಇಂಜೆಕ್ಟರ್ ಮೇಲೆ ಅನುಮಾನ ಪಡುವುದು ನ್ಯಾಯ. ಗುಂಡಿಯಲ್ಲಿ ನೀರಿನ ಬದಲು ಎಂಜಿನ್ ಆಯಿಲ್ ನಿಂತಿದ್ದರೆ ಮೇಲಿನ ಕವರಿನ ಗ್ಯಾಸ್ಕೆಟ್ ಹೋಗಿದೆ ಅಂತ ಅರ್ಥ. ಅದನ್ನು ಸರಿ ಮಾಡದೆ ಕಾಯಿಲ್ ಹಾಕಿದರೆ ಅದೂ ಉಳಿಯುವುದಿಲ್ಲ. ಪ್ಲಗ್ ಮತ್ತೆ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಪಾನಾ (ಸ್ಪ್ಯಾನರ್) ಆಮೇಲೆ, ಹಿತವಾಗಿ. ಹೆಡ್ ಅಲ್ಯೂಮಿನಿಯಂದು, ಥ್ರೆಡ್ ಹೋದರೆ ದೊಡ್ಡ ಕೆಲಸ.

ಕಾಯಿಲ್, ಪ್ಲಗ್ ಎರಡೂ ಸರಿ ಇದ್ದರೆ ವೈರಿಂಗ್ ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಇಲಿ ಬೆಚ್ಚಗಿನ ಎಂಜಿನ್ ಮೇಲೆ ಗೂಡು ಮಾಡುತ್ತೆ, ಇಂಜೆಕ್ಟರ್ ವೈರ್ ಕಡಿದಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಕನೆಕ್ಟರ್ ಬಿಚ್ಚಿ ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಇಷ್ಟಾದ ಮೇಲೆ ಇಂಜೆಕ್ಟರ್ ಸರದಿ. ಅದನ್ನೂ ಅದಲುಬದಲು ಮಾಡಬಹುದು, ಆದರೆ ಫ್ಯೂಯೆಲ್ ಲೈನಿನಲ್ಲಿ ಪ್ರೆಶರ್ ಇರುತ್ತೆ, ಇದನ್ನು ಮಾತ್ರ ಗ್ಯಾರೇಜಿಗೆ ಬಿಡಿ. ಆಗಲೂ ಮೊದಲು ಕ್ಲೀನ್ ಮಾಡಿಸಿ, ನಾಲ್ಕರ ಸ್ಪ್ರೇಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಅನ್ನಿ.

ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತೆ ಅಂತ ಅಳೆಯುವ ಕಂಪ್ರೆಷನ್ ಟೆಸ್ಟ್ ಕೊನೆಗೆ. ಒಂದೇ ಸಿಲಿಂಡರ್ ಉಳಿದವಕ್ಕಿಂತ ತೀರಾ ಕಡಿಮೆ ತೋರಿಸಿದರೆ ಒಂದು ಚಮಚ ಎಂಜಿನ್ ಆಯಿಲ್ ಪ್ಲಗ್ ತೂತಿನಿಂದ ಬಿಟ್ಟು ಮತ್ತೆ ನೋಡುತ್ತಾರೆ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ನಿಮ್ಮ ಗಾಡಿ ಬಿಸಿಯಾದ ಮೇಲೆ ಪೂರ್ತಿ ಸರಿಹೋಗುತ್ತೆ ಅಂದಿರುವುದರಿಂದ ಅಲ್ಲಿಯವರೆಗೆ ಹೋಗಲಿಕ್ಕಿಲ್ಲ ಅಂತ ನನ್ನ ಅಂದಾಜು.

ಕೋಡ್ ಪಿ 0300 ಬಂದರೆ ಲೆಕ್ಕ ಬೇರೆ. ಯಾವುದೋ ಒಂದು ಸಿಲಿಂಡರಿನದಲ್ಲ, ಸಿಕ್ಕಸಿಕ್ಕಲ್ಲಿ ಮಿಸ್ಸಿಂಗ್ ಅಂತ. ಆಗ ಎಲ್ಲಕ್ಕೂ ಸೇರಿದ್ದನ್ನು ಹುಡುಕಬೇಕು: ಫ್ಯೂಯೆಲ್ ಪಂಪ್ ಪ್ರೆಶರ್, ಇನ್‌ಟೇಕಿನಲ್ಲಿ ಎಲ್ಲಾದರೂ ಗಾಳಿ ಎಳೆಯುತ್ತಿದೆಯಾ, ಟ್ಯಾಂಕಿಗೆ ನೀರು ಸೇರಿದೆಯಾ. ಹಾಗೇನಾದರೂ ಬಂದರೆ ಕೊನೆಯ ಸಲ ಪೆಟ್ರೋಲ್ ಹಾಕಿಸಿದ್ದು ಯಾವಾಗ ಅನ್ನುವುದನ್ನೂ ಸೇರಿಸಿ ಇಲ್ಲೇ ಬರೆಯಿರಿ. ಪ್ಲಗ್ಗಿನ ಫೋಟೋ ತೆಗೆಯುವಾಗ ತುದಿಯದ್ದು ಮಾತ್ರ ಅಲ್ಲ, ಪಿಂಗಾಣಿಯ ಸುತ್ತಲೂ ತೆಗೆದು ಹಾಕಿ. ರಾತ್ರಿ ಗ್ಯಾರೇಜ್ ಬಾಗಿಲು ಹಾಕಿದ ಮೇಲೆ ನೋಡಿ ಹೇಳುತ್ತೇನೆ.